ಸಾಸಿವೆ ಡಬ್ಬಿಯೂ ಸಂಕೇತಪದವೂ

ಮೈಸೂರಿನ ಸರಸ್ವತೀಪುರದಲ್ಲಿ ಒಂದು ಹಳೆಯ ಹೆಂಚಿನ ಮನೆ. ಅದರ ಯಜಮಾನರು ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬೀದಿಯವರ ಬಾಯಲ್ಲಿ ಅವರು ಲೆಕ್ಕದ ಮೇಷ್ಟ್ರು. ತಮ್ಮ ಜ್ಞಾಪಕಶಕ್ತಿಯ ಮೇಲೆ ಅವರಿಗೆ ಬಲು ಅಭಿಮಾನ. ಹಾಲಿನವನ ಬಾಕಿಯಾಗಲಿ, ಮೂವತ್ತು ವರ್ಷದ ಹಿಂದಿನ ಶಿಷ್ಯನ ಹಾಜರಿ ಸಂಖ್ಯೆಯಾಗಲಿ, ಕೇಳಿದೊಡನೆ ನಾಲಗೆಯ ತುದಿಯಲ್ಲಿ. ಬರೆದಿಟ್ಟದ್ದು ಕಳೆಯುತ್ತದೆ, ನೆನಪಿಟ್ಟದ್ದು ಉಳಿಯುತ್ತದೆ ಎಂಬುದು ಅವರ ಸೂತ್ರ.

ಅವರ ಮಡದಿಯ ಸೂತ್ರ ಬೇರೆ. ಮದುವೆಯಾಗಿ ಬಂದ ಮೊದಲ ತಿಂಗಳಿನಿಂದ ಆಕೆ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ಅಷ್ಟಿಷ್ಟು ಹಣವನ್ನು ಮಡಿಸಿ ಇಡುತ್ತ ಬಂದವರು. ಮೊದಲ ದಿನವೇ ಗಂಡನನ್ನು ಕರೆದು ಡಬ್ಬಿಯನ್ನು ತೋರಿಸಿ, "ನಾನಿಲ್ಲದಾಗ ತುರ್ತು ಬಿದ್ದರೆ ಇಲ್ಲಿದೆ, ನೋಡಿಕೊಂಡಿರಿ" ಎಂದಿದ್ದರು. ಮೇಷ್ಟ್ರು ಆ ಡಬ್ಬಿಯನ್ನು ಒಂದು ದಿನವೂ ಮುಟ್ಟಿದವರಲ್ಲ.

ನಿವೃತ್ತಿಯ ತರುವಾಯ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳು ಒಂದು ಗಣಕಯಂತ್ರವನ್ನು ತಂದು ಮೇಜಿನ ಮೇಲಿಟ್ಟಳು. ಮೇಷ್ಟ್ರು ಅದನ್ನು ಎರಡೇ ತಿಂಗಳಲ್ಲಿ ಪಳಗಿಸಿಬಿಟ್ಟರು. ವಿದ್ಯುತ್ತಿನ ಬಿಲ್ಲು, ರೈಲಿನ ಟಿಕೆಟ್ಟು, ಪಿಂಚಣಿಯ ಲೆಕ್ಕ ಎಲ್ಲವೂ ಕುಳಿತಲ್ಲಿಯೇ ನಡೆಯತೊಡಗಿದವು. ಕೊನೆಗೆ ಆರೋಗ್ಯ ವಿಮೆಯನ್ನೂ ಏಜೆಂಟರ ಹಂಗಿಲ್ಲದೆ ಅದರಲ್ಲಿಯೇ ಕೊಂಡರು. ಪಾಲಿಸಿಯ ಕಾಗದ ಮನೆಯ ಬೀರುವಿಗೆ ಬರಲಿಲ್ಲ. ಮೇಷ್ಟ್ರ ಇ-ಮೇಲಿಗೆ ಬಂದು ಅಲ್ಲಿಯೇ ಕುಳಿತಿತು.

ಒಂದೊಂದು ಬಾಗಿಲಿಗೂ ಒಂದೊಂದು ಪಾಸ್‌ವರ್ಡು. ಮೇಷ್ಟ್ರು ಅವನ್ನೆಲ್ಲ ತಲೆಯಲ್ಲಿಯೇ ಇಟ್ಟರು. ಮೂರು ತಿಂಗಳಿಗೊಮ್ಮೆ, ಸಂಕ್ರಮಣದಷ್ಟು ನಿಷ್ಠೆಯಿಂದ, ಬದಲಾಯಿಸಿದರು. ಒಮ್ಮೆ ಮಡದಿ, "ಏನೂಂದ್ರೆ, ಅದೊಂದು ಪದ ನನಗೂ ಹೇಳಿಟ್ಟಿರಬಾರದೆ?" ಎಂದು ಕೇಳಿದಾಗ, "ಗುಟ್ಟು ಎರಡನೆಯ ಕಿವಿಗೆ ಬಿದ್ದರೆ ಗುಟ್ಟೇ ಅಲ್ಲ ಕಣೇ" ಎಂದು ನಕ್ಕುಬಿಟ್ಟರು.

2024ರ ದೀಪಾವಳಿ ಕಳೆದ ಮುಂದಿನ ವಾರ, ಒಂದು ರಾತ್ರಿ ಊಟದ ಎಲೆಯ ಮುಂದೆ ಮೇಷ್ಟ್ರ ಬಲಗೈಯಿಂದ ತುತ್ತು ಜಾರಿತು. ಏನೋ ಹೇಳಹೊರಟರು, ಮಾತು ತೊದಲಿತು. ಪಾರ್ಶ್ವವಾಯು. ಆ ರಾತ್ರಿ ಆಸ್ಪತ್ರೆಗೆ ಕಟ್ಟಿದ ಮೊದಲ ಹಣ ಸಾಸಿವೆ ಡಬ್ಬಿಯದು. ನೋಟುಗಳನ್ನು ಎಣಿಸುವಾಗ ಕೌಂಟರಿನ ಮೇಲೆ ನಾಲ್ಕು ಸಾಸಿವೆ ಕಾಳು ಉದುರಿದವು.

ಬೆಳಗಾದ ಮೇಲೆ ವಿಮೆಯ ಪ್ರಶ್ನೆ ಬಂತು. ಯಾವ ಕಂಪನಿ? ಪಾಲಿಸಿಯ ಸಂಖ್ಯೆ ಏನು? ಆಕೆಗೆ ತಿಳಿಯದು. ಗಡಿಬಿಡಿಯಲ್ಲಿ ಮೇಷ್ಟ್ರ ಫೋನು ಚಾರ್ಜು ತೀರಿ ಆರಿಹೋಗಿತ್ತು. ಮತ್ತೆ ಹೊತ್ತಿಸಿದಾಗ ಬೆರಳಿನ ಗುರುತಿಗೆ ಒಪ್ಪದೆ ಅಂಕೆಗಳನ್ನೇ ಕೇಳಿತು. ಆರಿ ಹೊತ್ತಿದ ಫೋನಿನ ನಿಯಮವೇ ಹಾಗೆ. ಹಾಸಿಗೆಯ ಮೇಲಿದ್ದವರಿಗೆ ಮಡದಿಯ ಮುಖದ ಗುರುತಿತ್ತು, ಕೇಳಿದ ಮಾತೂ ತಿಳಿಯುತ್ತಿತ್ತು. ಆದರೆ ಅಂಕೆಗಳು ಬಾಯಿಗೆ ಬರಲೊಲ್ಲವು. ಜೀವಮಾನವೆಲ್ಲ ಅಂಕೆಗಳೊಡನೆ ಸರಸವಾಡಿದ ಮನುಷ್ಯ "ಎರಡು" ಎನ್ನಲು ಹೋಗಿ "ಎಲೆ" ಎಂದರು. ಅದು ತಪ್ಪೆಂದು ತಮಗೇ ತಿಳಿದು ಕಣ್ಣೀರು ತಂದುಕೊಂಡರು. ಆಕೆ ಮತ್ತೆ ಕೇಳಲಿಲ್ಲ. ಮಧ್ಯಾಹ್ನ ಸಹಕಾರಿ ಬ್ಯಾಂಕಿಗೆ ಹೋಗಿ ಕೈಯಲ್ಲಿದ್ದ ನಾಲ್ಕು ಚಿನ್ನದ ಬಳೆಗಳನ್ನು ಅಡವಿಟ್ಟು ಬಂದರು.

ಮೂರನೆಯ ದಿನ ಬಂದ ಮಗಳು ತಂದೆಯ ಸಿಮ್ಮನ್ನು ತೆಗೆದು ತನ್ನ ಫೋನಿಗೆ ಹಾಕಿದಳು. ಮರೆತ ಪಾಸ್‌ವರ್ಡಿಗೆ ಬದಲು ಹೊಸದನ್ನು ಪಡೆಯಲು ಇ-ಮೇಲಿನವರು ಫೋನಿಗೆ ಒಂದು ಸಂಖ್ಯೆ ಕಳುಹಿಸುತ್ತಾರಲ್ಲವೆ? ಕಳುಹಿಸಿದರು, ಆದರೆ ಮೇಷ್ಟ್ರು ಎಂದೋ ಬಿಟ್ಟುಕೊಟ್ಟಿದ್ದ ಹಳೆಯ ಮೊಬೈಲಿಗೆ! ಅಲ್ಲಿನ ನಂಬರನ್ನು ಅವರು ತಿದ್ದಿಸಿಯೇ ಇರಲಿಲ್ಲ. ಕಟ್ಟಕಡೆಗೆ ಉಪಕಾರಕ್ಕೆ ಬಂದದ್ದು ಒಂದು ಹಳೆಯ ಕಾಗದ. ಆರನೆಯ ದಿನ ಮಗಳು ಬ್ಯಾಂಕಿನ ಪಾಸ್‌ಬುಕ್ಕನ್ನು ಭರ್ತಿ ಮಾಡಿಸಿದಾಗ ವಿಮೆಯ ಕಂತು ಕಟ್ಟಿದ ಸಾಲು ಸಿಕ್ಕಿತು. ಕಂಪನಿಯ ಹೆಸರು ತಿಳಿಯಿತು. ಅಷ್ಟರಲ್ಲಿ ಬಳೆಗಳು ಬ್ಯಾಂಕಿನ ತಿಜೋರಿ ಸೇರಿ ನಾಲ್ಕು ದಿನವಾಗಿತ್ತು.

ಹನ್ನೊಂದನೆಯ ದಿನ ಮೇಷ್ಟ್ರು ಮನೆಗೆ ಬಂದರು. ಮಡದಿ ಕಾಫಿಯ ಲೋಟ ಮುಂದಿಟ್ಟಾಗ ಆಕೆಯ ಕೈಯಲ್ಲಿ ಗಾಜಿನ ಬಳೆಗಳು ಮಾತ್ರ ಕಂಡವು. ಮೇಷ್ಟ್ರು ಬಹಳ ಹೊತ್ತು ಲೋಟ ಮುಟ್ಟಲಿಲ್ಲ.

ಮಾತು ಮೆಲ್ಲಮೆಲ್ಲನೆ ಮರಳಿತು. ಮೂರನೆಯ ವಾರ ಒಂದು ಬೆಳಗ್ಗೆ ಫೋನಿನ ಆರು ಅಂಕೆಗಳನ್ನು ತಡೆತಡೆದು ಹೇಳಿದರು. ಫೋನು ತೆರೆಯಿತು, ಅದರ ಮೂಲಕ ಇ-ಮೇಲೂ ತೆರೆಯಿತು. ಆದರೆ ಒಂದು ತಿಂಗಳ ಹಿಂದೆಯಷ್ಟೆ ಬದಲಿಸಿದ್ದ ಪಾಸ್‌ವರ್ಡು ಮಾತ್ರ ಮತ್ತೆ ನೆನಪಿಗೆ ಬರಲೇ ಇಲ್ಲ.

ಆ ದಿನಗಳ ಸಂಜೆಗಳಲ್ಲಿ ತಂದೆ ತಾಯಿ ಮಗಳು ಮೂವರೂ ನಡುಮನೆಯಲ್ಲಿ ಕುಳಿತು ಈ ಗುಟ್ಟಿನ ಪದದ ವಿಚಾರವನ್ನೇ ಆಡಿದರು.

"ಆ ಕಂಪನಿಯವರನ್ನೇ ಕೇಳಿದ್ದರೆ ಅಪ್ಪನ ಪದ ಯಾವುದೆಂದು ಹೇಳುತ್ತಿರಲಿಲ್ಲವೆ?" ಎಂದು ತಾಯಿ ಕೇಳಿದರು.

"ಅವರಿಗೂ ಗೊತ್ತಿರುವುದಿಲ್ಲಮ್ಮ" ಎಂದಳು ಮಗಳು. ಮೊದಮೊದಲು ಗೊತ್ತಿರುತ್ತಿತ್ತು. ಅಮೆರಿಕದ ಎಂ.ಐ.ಟಿ. ವಿದ್ಯಾಲಯದಲ್ಲಿ 1961ರಲ್ಲಿ ಫರ್ನಾಂಡೊ ಕೋರ್ಬಟೊ ಎಂಬ ವಿಜ್ಞಾನಿ ಹಲವರು ಒಟ್ಟಿಗೆ ಬಳಸಬಹುದಾದ ಗಣಕವ್ಯವಸ್ಥೆಯೊಂದನ್ನು ಕಟ್ಟಿದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಿರಲೆಂದು ಅಲ್ಲಿ ಪಾಸ್‌ವರ್ಡುಗಳು ಬಂದವು. ಎಲ್ಲರ ಪದಗಳೂ ಇದ್ದುದು ಇದ್ದ ಹಾಗೆ ಒಂದೇ ಕಡತದಲ್ಲಿದ್ದವು. 1962ರಲ್ಲಿ ಅಲನ್ ಶೆರ್ ಎಂಬ ವಿದ್ಯಾರ್ಥಿ ತನ್ನ ಪಾಲಿನ ಹೊತ್ತು ಸಾಲದೆ ಆ ಕಡತವನ್ನೇ ಅಚ್ಚು ಹಾಕಿಸಿಕೊಂಡು ಇತರರ ಹೆಸರಿನಲ್ಲಿ ಕೆಲಸ ಮಾಡಿಕೊಂಡ. ಮುಂದೆ ಅದೇ ವ್ಯವಸ್ಥೆಯಲ್ಲಿ ಇನ್ನೊಂದು ಪ್ರಮಾದವಾಯಿತು. ಬಂದವರಿಗೆಲ್ಲ ತೋರಿಸುವ ದಿನದ ಸೂಚನೆಯ ಕಡತವೂ ಪಾಸ್‌ವರ್ಡಿನ ಕಡತವೂ ಅದಲುಬದಲಾಗಿ, ಒಳಗೆ ಕಾಲಿಟ್ಟವರಿಗೆಲ್ಲ ಎಲ್ಲರ ಗುಟ್ಟೂ ಕಂಡಿತು!

ಮೇಷ್ಟ್ರು ಕಾಯಿಲೆಯ ತರುವಾಯ ಮೊದಲ ಬಾರಿಗೆ ನಕ್ಕರು.

"ಆಮೇಲೆ ಬುದ್ಧಿ ಬಂತು" ಎಂದು ಮಗಳು ಮುಂದುವರಿಸಿದಳು. ಪದವನ್ನು ಹಾಗೆಯೇ ಇಡುವ ಬದಲು ಅದನ್ನು ಲೆಕ್ಕದ ಒರಳಿನಲ್ಲಿ ರುಬ್ಬಿ, ಬಂದ ಮುದ್ದೆಯನ್ನು ಮಾತ್ರ ಇಡುವ ಉಪಾಯ. ಬಳಸುವವನು ಮತ್ತೆ ಬಂದಾಗ ಅವನು ಕೊಟ್ಟ ಪದವನ್ನೂ ರುಬ್ಬಿ ಹೋಲಿಸಿ ನೋಡಿದರೆ ಆಯಿತು. ಯೂನಿಕ್ಸ್ ವ್ಯವಸ್ಥೆಯ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಈ ಬಗೆಯನ್ನು 1979ರ ಲೇಖನವೊಂದರಲ್ಲಿ ವಿವರಿಸಿದರು.

"ರುಬ್ಬಿದ ಚಟ್ನಿಯಿಂದ ಮತ್ತೆ ತೆಂಗಿನಕಾಯಿ ಬರುವುದಿಲ್ಲ" ಎಂದರು ತಾಯಿ. "ಆದರೆ ಇಬ್ಬರು ಒಂದೇ ಪದ ಇಟ್ಟುಕೊಂಡಿದ್ದರೆ ಇಬ್ಬರ ಚಟ್ನಿಯೂ ಒಂದೇ ಆಗಿ ಗುರುತು ಸಿಕ್ಕೀತಲ್ಲ?"

ಮಗಳು ಬೆರಗಾದಳು. ಅದಕ್ಕಾಗಿಯೇ ಒಬ್ಬೊಬ್ಬರ ಪದಕ್ಕೂ ಬೇರೆ ಬೇರೆ ಅಕ್ಷರಗಳನ್ನು ಬೆರೆಸಿ ರುಬ್ಬುತ್ತಾರೆ. ಆ ವಿದ್ಯೆಯವರು ಅದಕ್ಕೆ ಇಟ್ಟಿರುವ ಹೆಸರೂ ಉಪ್ಪು ಎಂದೇ.

ಗುಟ್ಟು ಹೊತ್ತವನೊಡನೆಯೇ ಗುಟ್ಟು ಹೋದರೆ ಏನಾಗುತ್ತದೆ ಎಂಬುದಕ್ಕೂ ಮಗಳ ಬಳಿ ಒಂದು ಕಥೆಯಿತ್ತು. ನಾರ್ವೆ ದೇಶದಲ್ಲಿ ಈವಾರ್ ಓಸೆನ್ ಎಂಬ ಭಾಷಾಪಂಡಿತನ ಹೆಸರಿನ ಒಂದು ಸಂಸ್ಥೆಯಿದೆ. ವಿದ್ವಾಂಸರೊಬ್ಬರಿಂದ ಅದಕ್ಕೆ ಬಂದ 11,000ಕ್ಕೂ ಮಿಕ್ಕ ಪುಸ್ತಕ, ಹಸ್ತಪ್ರತಿಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ ಪಾಸ್‌ವರ್ಡಿನಿಂದ ಭದ್ರಪಡಿಸಿದ್ದರು. ಅದನ್ನು ಬಲ್ಲವರು ತೀರಿಕೊಂಡರು; ಪಟ್ಟಿ ಮುಚ್ಚಿಕೊಂಡಿತು. 2002ರಲ್ಲಿ ಸಂಸ್ಥೆಯವರು, ಬೀಗ ಒಡೆಯಬಲ್ಲವರು ಯಾರಾದರೂ ಇದ್ದರೆ ನೆರವಾಗಿ ಎಂದು ಲೋಕಕ್ಕೆಲ್ಲ ಮೊರೆಯಿಟ್ಟರು. ಉತ್ತರ ಬೇಗನೆ ಬಂತು: ದಾನಿಯ ಅಡ್ಡಹೆಸರನ್ನೇ ತಿರುಗುಮುರುಗಾಗಿ ಬರೆದದ್ದು ಆ ಪಾಸ್‌ವರ್ಡು!

"ಎಂದರೆ ಮನೆಯವರಿಗೆ ಸಿಗದ ಗುಟ್ಟು ಹೊರಗಿನವರಿಗೆ ಕ್ಷಣದಲ್ಲಿ ಸಿಕ್ಕಿತು" ಎಂದರು ಮೇಷ್ಟ್ರು. ಎರಡು ಕಡೆಯಿಂದಲೂ ಕೆಟ್ಟ ಲೆಕ್ಕ. ತಮ್ಮ ಪಾಸ್‌ವರ್ಡುಗಳೂ ಮನೆದೇವರ ಹೆಸರು, ಒಂದು ಇಸವಿ, ನಡುವೆ ಒಂದು ಚಿಹ್ನೆ ಎಂಬ ಒಂದೇ ಅಚ್ಚಿನವೆಂದು ಮೆಲ್ಲನೆ ಒಪ್ಪಿಕೊಂಡರು.

ತಪ್ಪು ಅವರೊಬ್ಬರದೇ ಅಲ್ಲ. ಚಿಹ್ನೆ, ಅಂಕೆಗಳನ್ನು ಬೆರೆಸಬೇಕು, ಆಗಾಗ ಬದಲಿಸಬೇಕು ಎಂಬ ನಿಯಮ ಹೆಚ್ಚಾಗಿ ಹಬ್ಬಿದ್ದು ಅಮೆರಿಕದ ಮಾನಕ ಸಂಸ್ಥೆಗಾಗಿ ಬಿಲ್ ಬರ್ ಎಂಬವರು 2003ರಲ್ಲಿ ಬರೆದ ಸೂಚನೆಗಳಿಂದ. 2017ರಲ್ಲಿ ಅವರೇ, ತಾವು ಬರೆದುದರಲ್ಲಿ ಬಹುಪಾಲಿಗೆ ಈಗ ವಿಷಾದವಿದೆ ಎಂದರು. ಅದೇ ವರ್ಷ ಆ ಸಂಸ್ಥೆಯೂ ನಿಯಮವನ್ನು ತಿದ್ದಿತು. ಪದ ಬಯಲಾದ ಸುಳಿವಿಲ್ಲದಿದ್ದರೆ ಸುಮ್ಮನೆ ಬದಲಿಸಬೇಕಾಗಿಲ್ಲ. ಚಿಹ್ನೆಗಳ ಕಸರತ್ತಿಗಿಂತ ಉದ್ದವೇ ಮೇಲು.

ಹೊಸ ಏರ್ಪಾಡು ಹೀಗೆ ಮೊದಲಾಯಿತು. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು ದಾಳ ಎಸೆದು ಪದಗಳನ್ನು ಆರಿಸುವ ವಿಧಾನವೊಂದನ್ನು ಬಳಕೆಗೆ ತಂದರು. ಮನುಷ್ಯನ ಮನಸ್ಸು ತನಗೆ ಪ್ರಿಯವಾದುದನ್ನೇ ಆರಿಸುತ್ತದೆ, ದಾಳಕ್ಕೆ ಪ್ರೀತಿಯಿಲ್ಲ. ತಾಯಿ ಮತ್ತು ಮಗಳು ಸೇರಿ ಒರಳು, ಹುಣಸೆ, ಕೊಡೆ, ಜಟಕಾ ಎಂದು ಮನೆಯ, ಬೀದಿಯ 216 ಪದಗಳ ಪಟ್ಟಿ ಬರೆದರು. ಒಂದು ಪದಕ್ಕೆ ಮೂರು ದಾಳ. ಆರನ್ನು ಮೂರು ಸಲ ಗುಣಿಸಿದರೆ 216. ಮೇಷ್ಟ್ರು ಎಡಗೈಯಿಂದ ದಾಳ ಎಸೆದರು. ಎಂಟು ಪದಗಳು ಬಂದವು. ಇಂಥ ಎಂಟರ ಸಾಲುಗಳು ಎಷ್ಟು ಸಾಧ್ಯವೆಂದು ಕಾಗದದ ಮೇಲೆ ಗುಣಿಸಹೊರಟು, ಒಂದೂವರೆ ಗಂಟೆಯ ತರುವಾಯ 19 ಅಂಕೆಗಳ ಸಂಖ್ಯೆಯನ್ನು ಮಗಳಿಗೆ ತೋರಿಸಿದರು. ಉತ್ತರ ಸರಿಯಾಗಿತ್ತು. ಮಗಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಆ ಎಂಟು ಪದ ಒಂದೇ ಪೆಟ್ಟಿಗೆಯ ಬೀಗದ ಕೈ. ಕೀಪಾಸ್ ಎಂಬ ತಂತ್ರಾಂಶ 2003ರಿಂದ ಉಚಿತವಾಗಿ ದೊರೆಯುತ್ತಿದೆ. ಉಳಿದ ಪಾಸ್‌ವರ್ಡುಗಳನ್ನೆಲ್ಲ ಅದೇ ಹೆಣೆದು, ಗೂಢಲಿಪಿಯಲ್ಲಿ ಒಂದು ಕಡತವಾಗಿ ಕಾಪಾಡುತ್ತದೆ. ಯಂತ್ರ ಕೆಟ್ಟರೆ ಇರಲೆಂದು ಅದರ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿಟ್ಟರು. ಇ-ಮೇಲಿಗೆ ಎರಡು ಹಂತದ ಪರೀಕ್ಷೆಯನ್ನು ಹಾಕಿ, ಹಳೆಯ ನಂಬರನ್ನು ತೆಗೆದು ತಾಯಿಯ ನಂಬರನ್ನು ಬರೆಸಿದರು. ಗೂಗಲ್ ಸಂಸ್ಥೆ 2013ರಲ್ಲಿ ತಂದ ಏರ್ಪಾಡೊಂದಿದೆ: ಖಾತೆಯ ಒಡೆಯರು ತಾವೇ ಗೊತ್ತುಮಾಡಿದಷ್ಟು ತಿಂಗಳು ಅತ್ತ ಸುಳಿಯದಿದ್ದರೆ, ಮೊದಲೇ ಹೆಸರಿಸಿದವರಿಗೆ ಸುದ್ದಿ ಹೋಗುತ್ತದೆ, ಬಿಟ್ಟುಕೊಟ್ಟ ಕಾಗದಪತ್ರಗಳೂ ಸಿಗುತ್ತವೆ. ಆಪಲ್ ಫೋನಿನವರಿಗೂ 2021ರಿಂದ ಅಂಥದೇ ಸೌಕರ್ಯವುಂಟು. ಮೇಷ್ಟ್ರು ಮಡದಿಯ ಮತ್ತು ಮಗಳ ಹೆಸರು ಕೊಟ್ಟರು.

"ಬ್ಯಾಂಕಿನ ಪಿನ್ನನ್ನು ಮಾತ್ರ ಇದಕ್ಕೆ ಸೇರಿಸಬೇಡಿ" ಎಂದಳು ಮಗಳು. "ಅದನ್ನು ಮನೆಯವರಿಗೂ ಹೇಳಕೂಡದೆಂದು ಬ್ಯಾಂಕಿನವರೇ ಎಚ್ಚರಿಸುತ್ತಾರೆ. ಅದಕ್ಕೆ ಜಂಟಿ ಖಾತೆ ಮಾಡಿಸಿ, ನಾಮಿನಿಯ ಹೆಸರು ಬರೆಸಿ."

ಮೇಷ್ಟ್ರಿಗೆ ಇನ್ನೂ ಒಂದು ಶಂಕೆ ಉಳಿದಿತ್ತು. "ಫೋನಿನಲ್ಲಿ ಯಾರ್ಯಾರೋ ಪೊಲೀಸರೆಂದು, ಬ್ಯಾಂಕಿನವರೆಂದು ಹೆದರಿಸಿ ಒ.ಟಿ.ಪಿ. ಕೇಳುತ್ತಾರಂತೆ. ಇಬ್ಬರಿಗೆ ತಿಳಿದರೆ ಕಳ್ಳನಿಗೆ ಎರಡು ಬಾಗಿಲಾಗಲಿಲ್ಲವೆ?"

ಅದಕ್ಕೆ ಉತ್ತರ ಕೊಟ್ಟವರು ಮಡದಿ. "ಸಾಸಿವೆ ಡಬ್ಬಿ ನನಗೆ ಗೊತ್ತು, ನಿಮಗೆ ಗೊತ್ತು. ಬಾಗಿಲಿಗೆ ಬಂದವನೊಬ್ಬ ಪೊಲೀಸಿನವನೆಂದುಕೊಂಡು ಅದು ಎಲ್ಲಿದೆ ಅಂತ ಕೇಳಿದರೆ ಹೇಳಿಬಿಡುತ್ತೀವಾ? ಇಷ್ಟು ವರ್ಷ ಇಬ್ಬರಿಗೂ ಗೊತ್ತಿದ್ದದ್ದು ಮೂರನೆಯವರಿಗೆ ಹೋಗಲಿಲ್ಲವಲ್ಲ."

ಮೇಷ್ಟ್ರು ಸುಮ್ಮನಾದರು. ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲವೆಂದೂ, ಹಣ ಹೋಯಿತೆಂದು ತಿಳಿದೊಡನೆ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕೆಂದೂ ಮಗಳು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಳು. ಎಂಟು ಪದಗಳನ್ನು ಒಂದು ಕಾಗದದಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ಮೇಷ್ಟ್ರೇ ಮಡದಿಯ ಕೈಗೆ ಕೊಟ್ಟರು. ಆಕೆ ಅದನ್ನು ಬೀರುವಿನಲ್ಲಿ ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟರು.

ಮುಂದಿನ ಯುಗಾದಿಯ ಹೊತ್ತಿಗೆ ವಿಮೆಯ ಹಣ ಬಂತು, ಬಳೆಗಳು ಮನೆಗೆ ಮರಳಿದವು. ಸಾಸಿವೆ ಡಬ್ಬಿಯಲ್ಲಿ ಮತ್ತೆ ನೋಟುಗಳು ಕೂಡತೊಡಗಿದವು.

ಈಗ ಆ ಮನೆಯಲ್ಲಿ ಒಂದು ಹೊಸ ಪದ್ಧತಿ ನಡೆಯುತ್ತಿದೆ. ಪ್ರತಿ ತಿಂಗಳ ಮೊದಲ ದಿನ, ಸಂಜೆಯ ದೀಪ ಹಚ್ಚಿ ಬಾಗಿಲು ಮುಂದೆ ಮಾಡಿದ ಮೇಲೆ, ಮೇಷ್ಟ್ರು ಮಡದಿಯ ಎದುರಿಗೆ ಕುಳಿತು ಆ ಎಂಟು ಪದಗಳನ್ನು ಹುಡುಗರು ಮಗ್ಗಿ ಒಪ್ಪಿಸುವಂತೆ ಮೆಲುದನಿಯಲ್ಲಿ ಒಪ್ಪಿಸುತ್ತಾರೆ. ಒಮ್ಮೊಮ್ಮೆ ಐದನೆಯ ಪದ ಬಾಯಿಗೆ ಬರುವುದಿಲ್ಲ. ಆಕೆ ಅವಸರಪಡಿಸದೆ ಕಾಯುತ್ತಾರೆ. ಬಾರದಿದ್ದರೆ, ಬಳೆಯ ಕೈಯನ್ನು ಅವರ ಕೈಯ ಮೇಲಿಟ್ಟು, ತಾವೇ ಹೇಳಿಕೊಡುತ್ತಾರೆ.