ಕೂಳೆ ಕಾಡಿನಲ್ಲಿ ಒಂದು ದಿನ

ಕಾಡು ನೋಡಲು ಹೋದ ನಮಗೆ ಮೊದಲು ಕಂಡದ್ದು ಕಡಿದ ಮರಗಳು.

ಏಪ್ರಿಲ್ ತಿಂಗಳ ಕೊನೆಯ ವಾರ. ನಮ್ಮಿಬ್ಬರಲ್ಲಿ ಒಬ್ಬರು ಒಂದು ವರ್ಷದ ಓದಿಗೆಂದು ಕೇಂಬ್ರಿಡ್ಜ್‌ನಲ್ಲಿದ್ದರು, ಇನ್ನೊಬ್ಬರು ಕೂಡಿಟ್ಟ ರಜೆ, ಕೂಡಿಟ್ಟ ದುಡ್ಡು ಎರಡನ್ನೂ ಸುರಿದು ಅವರನ್ನು ನೋಡಲು ಹೋಗಿದ್ದರು. ಲಂಡನ್ ಒಂದು ದಿನಕ್ಕೇ ಸಾಕಾಯಿತು. ಇಂಗ್ಲೆಂಡಿನ ಹಳ್ಳಿಗಾಡು ನೋಡಬೇಕು, ಅದರಲ್ಲೂ ಅಗಲ ಎಲೆಯ ಮರಗಳ ಹಳೆಯ ಕಾಡು ನೋಡಬೇಕು ಎಂಬುದು ಇಬ್ಬರ ಆಸೆ. ಹಾಗಾಗಿ ಕೇಂಬ್ರಿಡ್ಜ್‌ನಿಂದ ರೈಲು ಹತ್ತಿ ಸಫೋಕ್ ಕೌಂಟಿಯ ಬೆರಿ ಸೇಂಟ್ ಎಡ್ಮಂಡ್ಸ್ ಪೇಟೆಯಲ್ಲಿ ಇಳಿದೆವು. ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರ ಬ್ರ್ಯಾಡ್‌ಫೀಲ್ಡ್ ವುಡ್ಸ್. ಬಸ್ಸಿನ ಹೊತ್ತು ಹೊಂದಲಿಲ್ಲ, ಟ್ಯಾಕ್ಸಿ ಹಿಡಿದೆವು. ಟ್ಯಾಕ್ಸಿಯವರು ಇಳಿಸುವಾಗ ನಮ್ಮ ಕ್ಯಾನ್ವಾಸ್ ಶೂಗಳನ್ನು ನೋಡಿ ನಕ್ಕರು. ಯಾಕೆಂದು ಐದೇ ನಿಮಿಷದಲ್ಲಿ ಗೊತ್ತಾಯಿತು. ಸಫೋಕ್‌ನ ಜೇಡಿ ಮಣ್ಣು ಬೇಸಾಯ ಮುಗಿದ ಗದ್ದೆಯ ಹಾಗೆ ಕಾಲು ಹಿಡಿದುಕೊಂಡಿತು.

ನಮ್ಮ ತಲೆಯಲ್ಲಿದ್ದದ್ದು ಕ್ಯಾಲೆಂಡರಿನ ಕಾಡು. ಆಕಾಶ ಮುಟ್ಟುವ ಓಕ್ ಮರಗಳು, ಕೆಳಗೆ ನೀಲಿ ಬ್ಲೂಬೆಲ್ ಹೂವಿನ ಹಾಸು, ನಡುವೆ ಒಂದು ಕಾಲುದಾರಿ. ಆದರೆ ಎದುರಿಗಿದ್ದದ್ದು ಅರ್ಧ ಎಕರೆಗೂ ಮೀರಿದ ಬಯಲು. ಮೊಣಕಾಲಿನವರೆಗೂ ಬಾರದ ಬೊಡ್ಡೆಗಳು ಸಾಲುಸಾಲಾಗಿ ಕೂತಿದ್ದವು. ಒಂದು ಕಡೆ ಕಟ್ಟಿಗೆ ರಾಶಿ, ಇನ್ನೊಂದು ಕಡೆ ಅಳತೆಗೆ ಕತ್ತರಿಸಿ ಕಟ್ಟಿಟ್ಟ ಸಪೂರ ಗಳಗಳು. ಸುತ್ತ ಮುಳ್ಳುಕಂಟಿ ಹೆಣೆದ ಬೇಲಿ. 'ಇದು ರಾಷ್ಟ್ರೀಯ ನಿಸರ್ಗ ಮೀಸಲು ಪ್ರದೇಶ ತಾನೇ?' ಎಂದು ಫಲಕವನ್ನು ಇನ್ನೊಮ್ಮೆ ಓದಿದೆವು. ಹೌದು, ಅದೇ. ಸಫೋಕ್ ವೈಲ್ಡ್‌ಲೈಫ್ ಟ್ರಸ್ಟ್ ನೋಡಿಕೊಳ್ಳುವ ಕಾಡು.

ಗಳಗಳ ರಾಶಿಯ ಪಕ್ಕ ಎಪ್ಪತ್ತು ದಾಟಿದ ಒಬ್ಬರು ಕೂತು ಹೇಝಲ್ ಕೋಲುಗಳನ್ನು ಉದ್ದಕ್ಕೆ ಸೀಳುತ್ತಿದ್ದರು. ಸಂಬಳದ ನೌಕರರಲ್ಲ, ವಾರಕ್ಕೊಮ್ಮೆ ಬಂದು ಕೆಲಸ ಮಾಡುವ ಸ್ವಯಂಸೇವಕರು. ಅವರ ಕೈಯಲ್ಲಿದ್ದ ಬಿಲ್‌ಹುಕ್ ಎಂಬ ಆಯುಧ ನೋಡಿ ನಮ್ಮಲ್ಲಿ ಶಿರಸಿ ಕಡೆಯವರು ನಿಂತುಬಿಟ್ಟರು. ತುದಿ ಬಾಗಿದ ಅಲಗು, ಸವೆದ ಮರದ ಹಿಡಿ. ಊರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಟ್ಟಕ್ಕೆ ಹೋಗುವ ಕತ್ತಿಯ ಅಣ್ಣನೋ ತಮ್ಮನೋ ಇದ್ದಂತಿತ್ತು. ಹಾಗೆಂದು ಹೇಳಿದ್ದೇ ಅವರಿಗೆ ಖುಷಿಯಾಯಿತು. ಪಕ್ಕದ ದಿಮ್ಮಿ ತೋರಿಸಿ ಕೂರಲು ಹೇಳಿದರು.

'ಇಷ್ಟೊಂದು ಕಡಿದಿದ್ದೀರಲ್ಲ?' ನಾವು ಕೇಳಿದೆವು. ಕೇಳಿದ ಧಾಟಿ ಸ್ವಲ್ಪ ಪತ್ರಕರ್ತರದ್ದೇ.

'ನಾವು ಮಾತ್ರ ಅಲ್ಲ, 1252ರಿಂದಲೂ ಕಡಿಯುತ್ತಿದ್ದಾರೆ' ಎಂದರು ಅವರು.

ಅದು ಚಟಾಕಿಯಲ್ಲ. ಈ ಕಾಡು ಆಗ ಬೆರಿ ಸೇಂಟ್ ಎಡ್ಮಂಡ್ಸ್‌ನ ಕ್ರೈಸ್ತ ಮಠದ ಆಸ್ತಿ. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲ. ಮಠದ ಕಡತಗಳಲ್ಲಿ ಈ ಕಾಡಿನ ಲೆಕ್ಕವಿದೆ. 1539ರಲ್ಲಿ ಎಂಟನೇ ಹೆನ್ರಿಯ ಕಾಲಕ್ಕೆ ಮಠ ಮುಚ್ಚಿತು, ಒಡೆಯರು ಬದಲಾದರು, ಕಡಿಯುವ ಪದ್ಧತಿ ಮಾತ್ರ ನಿಲ್ಲಲಿಲ್ಲ. ಕಾಡನ್ನು ಭಾಗಗಳಾಗಿ ಹಂಚಿಕೊಂಡು ವರ್ಷಕ್ಕೆ ಒಂದೊಂದು ಭಾಗವನ್ನು ಚಳಿಗಾಲದಲ್ಲಿ ಬುಡಮಟ್ಟ ಕಡಿಯುತ್ತಾರೆ. ಬೊಡ್ಡೆ ಸಾಯುವುದಿಲ್ಲ. ವಸಂತ ಬಂದೊಡನೆ ಅದರಿಂದ ಹತ್ತಾರು ಚಿಗುರು ಏಳುತ್ತವೆ. ಸರದಿ ಸುತ್ತಿ ಮತ್ತೆ ಅದೇ ಭಾಗಕ್ಕೆ ಬರುವ ಹೊತ್ತಿಗೆ ಚಿಗುರುಗಳು ಗಳಗಳಾಗಿರುತ್ತವೆ. ಇದಕ್ಕೆ ಇಂಗ್ಲಿಷಿನಲ್ಲಿ ಕಾಪಿಸ್ ಎನ್ನುತ್ತಾರೆ.

ಅವರು ಕೈಸನ್ನೆ ಮಾಡಿ ಇನ್ನಷ್ಟು ವಿವರಿಸಲು ಹೊರಟಾಗ ನಮ್ಮಲ್ಲಿ ಮಂಡ್ಯ ಕಡೆಯವರು ಅರ್ಧದಲ್ಲೇ ತಡೆದು 'ಅಯ್ಯೋ, ಇದು ಕೂಳೆ!' ಎಂದರು. ಕಬ್ಬು ಕಡಿದ ಮೇಲೆ ಬುಡ ಕೀಳದೆ ಬಿಟ್ಟರೆ ಮತ್ತೆ ಚಿಗುರಿ ಬರುತ್ತದಲ್ಲ, ಅದೇ ಕೂಳೆ ಬೆಳೆ. ಅದನ್ನು ಇಂಗ್ಲಿಷಿನಲ್ಲಿ ಹೇಳಿದೆವು. 'ಕೂಳೆ' ಎಂದು ಅವರು ಎರಡು ಸಲ ಹೇಳಿ ನೋಡಿದರು. ಳಕಾರ ಬರಲಿಲ್ಲ.

ಕಬ್ಬಿನ ಕೂಳೆ ಎರಡು ಮೂರು ಬೆಳೆಗೆ ಸೊರಗುತ್ತದೆ. ಇಲ್ಲಿನ ಕೂಳೆಯ ಲೆಕ್ಕವೇ ಬೇರೆ. ಅವರು ನಮ್ಮನ್ನು ಒಂದು ಆ್ಯಶ್ ಮರದ ಬೊಡ್ಡೆಯ ಹತ್ತಿರ ಕರೆದುಕೊಂಡು ಹೋದರು. ಅದು ಒಂದೇ ಮರವೆಂದು ನಮಗೆ ತಿಳಿಯಲೇ ಇಲ್ಲ. ಪಾಚಿ ಹಿಡಿದ ಗಡ್ಡೆಗಳು ಬಾವಿಕಟ್ಟೆಯ ಹಾಗೆ ವೃತ್ತವಾಗಿ ನಿಂತಿದ್ದವು, ನಡುವೆ ಟೊಳ್ಳು. ಒಂದೊಂದು ಗಡ್ಡೆಯಿಂದ ಮೂರು ನಾಲ್ಕು ಕಾಂಡ ಎದ್ದಿದ್ದವು. ಕಡಿದಷ್ಟೂ ಬುಡ ಹೊರಕ್ಕೆ ಹರಡುತ್ತಾ, ನಡುವಿನ ಹಳೆಯ ಭಾಗ ಕೊಳೆತು ಹೋಗುತ್ತಾ ಹೀಗೆ ಬಳೆಯಾಗುತ್ತದೆ. ಈ ಕಾಡಿನ ಅತಿ ದೊಡ್ಡ ಆ್ಯಶ್ ಬೊಡ್ಡೆ ಹದಿನೆಂಟು ಅಡಿ ಅಗಲವಿದ್ದು, ಅದರ ವಯಸ್ಸು ಸಾವಿರ ವರ್ಷವಾದರೂ ಇರಬೇಕೆಂದು ಆಲಿವರ್ ರಾಕ್‌ಹ್ಯಾಮ್ ಅಂದಾಜಿಸಿದ್ದರು. ಕಡಿಯದೆ ಬಿಟ್ಟಿದ್ದರೆ ಆ್ಯಶ್ ಮರ ಅಷ್ಟು ಕಾಲ ಬದುಕುವುದಿಲ್ಲ, ಇನ್ನೂರು ಚಿಲ್ಲರೆ ವರ್ಷಕ್ಕೆ ಮುಪ್ಪಾಗಿ ಬೀಳುತ್ತದೆ.

ರಾಕ್‌ಹ್ಯಾಮ್ (1939–2015) ಕೇಂಬ್ರಿಡ್ಜ್‌ನಲ್ಲಿದ್ದ ಸಸ್ಯವಿಜ್ಞಾನಿ. ಹಳೆಯ ಕಡತ ಓದುವುದರಲ್ಲೂ ಕಾಡಿನ ಅಂಚಿನ ಒಡ್ಡು, ಕಂದಕಗಳನ್ನು ನೋಡಿ ಚರಿತ್ರೆ ಹೇಳುವುದರಲ್ಲೂ ಪಳಗಿದವರು. ಇಂಗ್ಲೆಂಡಿನ ಕಾಡುಗಳನ್ನು ಹಡಗು ಕಟ್ಟುವವರೂ ಕಬ್ಬಿಣ ಕಾಯಿಸುವವರೂ ಕಡಿದು ಮುಗಿಸಿದರು ಎಂಬ ಮಾತು ಎಲ್ಲ ಪುಸ್ತಕಗಳಲ್ಲೂ ಇತ್ತು. ಅದನ್ನು ಒಬ್ಬರಿಂದ ಒಬ್ಬರು ಎತ್ತಿಕೊಂಡು ಬರೆದಿದ್ದಾರೆಯೇ ಹೊರತು ಕಾಡಿಗೆ ಹೋಗಿ ನೋಡಿದವರಿಲ್ಲ ಎಂಬುದು ಅವರ ತಕರಾರು. ಕಬ್ಬಿಣದವರಿಗೆ ಇದ್ದಿಲು ಬೇಕಿತ್ತು, ಇದ್ದಿಲಿಗೆ ಪ್ರತಿ ಸರದಿಗೂ ಕಟ್ಟಿಗೆ ಬೇಕಿತ್ತು. ಹಾಗಾಗಿ ಅವರು ಕಾಡು ಉಳಿಸಿಕೊಂಡರು. ಮರ ಕಡಿದ ಮಾತ್ರಕ್ಕೆ ಕಾಡು ಹೋಗುವುದಿಲ್ಲ, ಬುಡ ಕಿತ್ತು ಹೊಲ ಮಾಡಿದಾಗ ಹೋಗುತ್ತದೆ. ಎರಡನೇ ಮಹಾಯುದ್ಧದ ನಂತರದ ಮೂರು ದಶಕಗಳಲ್ಲಿ ಆದದ್ದು ಇದೇ. ಎಷ್ಟೋ ಹಳೆಯ ಕಾಡುಗಳನ್ನು ಯಂತ್ರ ಹಾಕಿ ಕಿತ್ತು ಗೋಧಿ ಬಿತ್ತಿದರು. ಇನ್ನೆಷ್ಟೋ ಕಡೆ ಅಗಲ ಎಲೆಯ ಮರಗಳಿಗೆ ವಿಷ ಹಾಕಿ ಸೂಜಿ ಎಲೆಯ ಮರಗಳನ್ನು ನೆಟ್ಟರು. ದೂರದಿಂದ ನೋಡಿದರೆ ಅದೂ ಹಸಿರೇ, ಲೆಕ್ಕದಲ್ಲೂ ಅದು ಕಾಡೇ.

ಬ್ರ್ಯಾಡ್‌ಫೀಲ್ಡ್‌ಗೂ ಆ ಗಾಳಿ ಬೀಸಿತ್ತು. ಇಲ್ಲಿ ಅಂಟಿಕೊಂಡಂತೆ ಎರಡು ಕಾಡುಗಳಿದ್ದವು. ಅದರಲ್ಲಿ ಮಂಕ್ಸ್ ಪಾರ್ಕ್ ವುಡ್ ಎಂಬುದರ ಬಹುಭಾಗವನ್ನು 1960ರ ದಶಕದಲ್ಲಿ ಕಿತ್ತು ಹೊಲ ಮಾಡಿದರು. ಉಳಿದದ್ದೂ ಹೋಗುವುದರಲ್ಲಿತ್ತು. 1970ರ ಸುಮಾರಿಗೆ ನಿಸರ್ಗ ಸಂರಕ್ಷಣೆಯವರು ಕೊಂಡುಕೊಂಡದ್ದರಿಂದ ಉಳಿಯಿತು. ನಮ್ಮ ಹಿರಿಯ ಮಿತ್ರರು ಕಾಡಿನ ಅಂಚಿಗೆ ಕರೆದೊಯ್ದು ತೋರಿಸಿದರು. ಒಡ್ಡಿನ ಈ ಕಡೆ ಹಳದಿ ಆಕ್ಸ್‌ಲಿಪ್ ಹೂಗಳು, ಬಾಡುತ್ತಿದ್ದ ಬಿಳಿ ಆ್ಯನಿಮೋನ್‌ಗಳು, ಅಲ್ಲಲ್ಲಿ ಬಾಯಿ ಬಿಡುತ್ತಿದ್ದ ಬ್ಲೂಬೆಲ್. ಆ ಕಡೆ ಒಂದೇ ಎತ್ತರಕ್ಕೆ ಬೆಳೆದ ಪೈರು, ಅದರಾಚೆ ಏನೂ ಇಲ್ಲ.

ಈ ಹೂಗಳೂ ಕಡಿತವನ್ನೇ ಕಾದಿರುತ್ತವೆ. ಮೇಲಿನ ನೆರಳು ಸರಿದು ಬಿಸಿಲು ಬಿದ್ದ ಎರಡನೇ ಮೂರನೇ ವರ್ಷ ನೆಲವೆಲ್ಲ ಹೂವಾಗುತ್ತದೆ. ಮತ್ತೆ ಚಿಗುರು ಎದ್ದು ನೆರಳು ಕವಿದರೆ ಅವು ಕಡಿಮೆಯಾಗಿ, ಮುಂದಿನ ಸರದಿಗೆ ಕಾಯುತ್ತವೆ. ಅಷ್ಟು ಹೊತ್ತಿಗೆ ಪಕ್ಕದ ಭಾಗ ತೆರೆದಿರುತ್ತದೆ.

ಊಟಕ್ಕೆ ಕೂತಾಗ, ಚಪಾತಿ ಸುರುಳಿ ಬಿಚ್ಚಿಕೊಂಡು ಇಬ್ಬರೂ ಸುಮ್ಮನಿದ್ದೆವು. ಇಬ್ಬರ ತಲೆಯಲ್ಲೂ ಒಂದೇ ಸುದ್ದಿ ಓಡುತ್ತಿತ್ತು. ಆ ಸುದ್ದಿಯನ್ನು ಬರೆದದ್ದೂ ನಾವಿಬ್ಬರೇ.

ಪದವಿ ಮುಗಿಸಿ ಹೊಸತಾಗಿ ಕೆಲಸಕ್ಕೆ ಸೇರಿದ್ದ ದಿನಗಳು. ಶಿರಸಿ ಕಡೆಯ ಒಂದು ಊರಿಗೆ ಜೊತೆಯಾಗಿ ಹೋಗಿದ್ದೆವು. ಅಲ್ಲಿ ಸೊಪ್ಪಿನ ಬೆಟ್ಟಗಳಿವೆ. ಅಡಿಕೆ ತೋಟಕ್ಕೆ ಸೊಪ್ಪು, ತರಗು ತರಲೆಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದ್ದು. ತೋಟ ಇದ್ದವರಿಗೆ ಬೆಟ್ಟ, ತೋಟ ಇಲ್ಲದವರಿಗೆ ಬೆಟ್ಟವೂ ಇಲ್ಲ. ನಾವು ದಾರಿಯಲ್ಲಿ ಕಂಡ ಹೆಂಗಸು ತೋಟ ಇಲ್ಲದವರು. ತಲೆಯ ಮೇಲೆ ಹೊರೆ ಇತ್ತು. ಫೋಟೋ ತೆಗೆದೆವು. ಅಧಿಕಾರಿಯೊಬ್ಬರ ಹೇಳಿಕೆ ಬರೆದುಕೊಂಡೆವು. 'ಕಾಡಿಗೆ ಕೊಡಲಿ' ಎಂಬ ತಲೆಬರಹದಲ್ಲಿ ಸುದ್ದಿ ಬಂತು, ಆಕೆಯ ಮುಖ ಸ್ಪಷ್ಟವಾಗಿ ಕಾಣುವ ಹಾಗೆ. ಆ ಮೇಲೆ ಆಕೆ ಬೆಟ್ಟಕ್ಕೆ ಹೋಗುವುದನ್ನು ನಿಲ್ಲಿಸಿದರು, ಕತ್ತಿಯನ್ನೂ ಕಸಿದುಕೊಂಡರು ಎಂದು ಎಷ್ಟೋ ತಿಂಗಳ ನಂತರ ಅದೇ ಊರಿನ ಗೆಳೆಯರೊಬ್ಬರಿಂದ ತಿಳಿಯಿತು.

ಆಕೆ ಆ ದಿನ ನಮ್ಮೊಡನೆ ಮಾತಾಡಿದ್ದರು. ಮಾತು ನೋಟ್‌ಬುಕ್ಕಿನಲ್ಲಿ ಈಗಲೂ ಇದೆ: 'ನಾ ಮರ ಕಡಿಲಿಲ್ಲ ತಂಗಿ, ಟೊಂಗೆ ಕಡ್ದದ್ದು. ಮರ ಕಡಿದ್ರೆ ಬರೂ ವರ್ಷ ಎಲ್ಲಿಂದ ತರೂದು?' ಜಾಗ ಸಾಲಲಿಲ್ಲವೆಂದು ಅದನ್ನು ಬಿಟ್ಟೆವು. ಹಾಗೆಂದು ನಮಗೆ ನಾವೇ ಹೇಳಿಕೊಂಡದ್ದು. ನಿಜ ಹೇಳಬೇಕೆಂದರೆ ಆ ಮಾತು ತಲೆಬರಹಕ್ಕೆ ಹೊಂದುತ್ತಿರಲಿಲ್ಲ. ಅದೇ ಗುಡ್ಡದ ಆಚೆ ಮಗ್ಗುಲಲ್ಲಿ ಇದ್ದ ಕಾಡು ತೆಗೆದು ಅಕೇಶಿಯಾ ನೆಟ್ಟಿದ್ದರು, ಸಾಲು ಹಿಡಿದ ಹಾಗೆ. ಬೈಕಿನಲ್ಲಿ ಅದರ ನಡುವೆಯೇ ಹಾದು ಬಂದಿದ್ದೆವು. ಅದರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಹಸಿರಾಗಿತ್ತಲ್ಲ, ಅನುಮಾನ ಬರಲಿಲ್ಲ.

ಸಫೋಕ್‌ನ ಪಾಠವನ್ನು ಹಾಗೇ ತಂದು ಮಲೆನಾಡಿಗೆ ಅಂಟಿಸಲು ಆಗುವುದಿಲ್ಲ, ಅದು ನಮಗೂ ಗೊತ್ತು. ಹೇಝಲ್ ಚಿಗುರಿದ ಹಾಗೆ ಘಟ್ಟದ ಎಲ್ಲ ಮರ ಚಿಗುರುವುದಿಲ್ಲ. ಮಿತಿ ಮೀರಿ ಸವರಿ ಬೋಳಾದ ಸೊಪ್ಪಿನ ಬೆಟ್ಟಗಳನ್ನೂ ನೋಡಿದ್ದೇವೆ. ಬ್ರ್ಯಾಡ್‌ಫೀಲ್ಡ್ ಕೂಡ ಊರವರೆಲ್ಲರ ಕಾಡಾಗಿರಲಿಲ್ಲ. ಅದು ಮಠದ್ದು, ಆಮೇಲೆ ಧಣಿಗಳದ್ದು. ಅಲ್ಲೂ ಹೊರೆ ಕಟ್ಟಿಗೆಗೆ ಕೈ ಹಾಕಿದ ಬಡವರ ಕತೆ ಬೇರೆಯೇ ಇದ್ದೀತು. ಇಂದು ಆ ಕಟ್ಟಿಗೆಯನ್ನು ನಂಬಿ ಬದುಕುವವರೂ ಕಡಿಮೆ. ಸ್ವಯಂಸೇವಕರು ಬರುವುದು ನಿಂತರೆ ಸರದಿಯೂ ನಿಲ್ಲುತ್ತದೆ. ಕಂಟಿಯ ಬೇಲಿ ಹಾಕದಿದ್ದರೆ ಜಿಂಕೆಗಳು ಚಿಗುರನ್ನೆಲ್ಲ ಮೇಯುತ್ತವೆ. ಬ್ರಿಟನ್ನಿನಲ್ಲಿ 2012ರಲ್ಲಿ ಮೊದಲು ಪತ್ತೆಯಾದ ಶಿಲೀಂಧ್ರ ರೋಗವೊಂದು ಆ್ಯಶ್ ಮರಗಳನ್ನು ತುದಿಯಿಂದ ಒಣಗಿಸುತ್ತಿದೆ. ಸಾವಿರ ವರ್ಷ ಕೊಡಲಿ ತಡೆದುಕೊಂಡ ಬೊಡ್ಡೆಗಳು ಇದನ್ನು ತಡೆದಾವೇ ಎಂದು ಕೇಳಿದ್ದಕ್ಕೆ ಹಿರಿಯರು ಉತ್ತರ ಹೇಳಲಿಲ್ಲ, ಕೈಯಲ್ಲಿದ್ದ ಕೋಲಿನ ಸಿಪ್ಪೆ ಹೆರೆಯುತ್ತಾ ಕೂತರು.

ಆದರೆ ಒಂದನ್ನಂತೂ ಕಲಿತು ಬಂದೆವು. ಕಾಡಿನ ಸುದ್ದಿ ಬರೆಯುವಾಗ ಕೇಳಬೇಕಾದ ಪ್ರಶ್ನೆ 'ಕಡಿದವರು ಯಾರು' ಎಂಬುದೊಂದೇ ಅಲ್ಲ. ಕಡಿದ ಮೇಲೆ ಬುಡ ಉಳಿಯಿತೇ? ಮುಂದಿನ ವರ್ಷವೂ ಇಲ್ಲಿಗೆ ಬರಬೇಕಾದವರು ಕಡಿದರೇ, ಇನ್ನೆಂದೂ ಬರಬೇಕಾಗಿಲ್ಲದವರು ಕಡಿದರೇ? ಇವನ್ನೂ ಕೇಳಬೇಕು. ತಲೆಯ ಮೇಲಿನ ಹೊರೆ ಕ್ಯಾಮೆರಾಗೆ ಸುಲಭವಾಗಿ ಸಿಗುತ್ತದೆ. ಕಿತ್ತ ಬುಡ ಸಿಗುವುದಿಲ್ಲ, ಯಾಕೆಂದರೆ ನಾವು ಹೋಗುವ ಹೊತ್ತಿಗೆ ಅದು ಅಲ್ಲಿರುವುದಿಲ್ಲ.

ಹೊರಡುವಾಗ ಹಿರಿಯರು ಅವರೆ, ಬೀನ್ಸ್ ಬಳ್ಳಿ ಹಬ್ಬಿಸಲು ಮಾರುವ ಕೋಲುಗಳ ಕಟ್ಟಿನಿಂದ ಒಂದನ್ನು ಎಳೆದು ನಮಗೆ ಕೊಟ್ಟರು. ವಿಮಾನದಲ್ಲಿ ತರಲಾಗಲಿಲ್ಲ. ಕೇಂಬ್ರಿಡ್ಜ್‌ನ ಬಾಡಿಗೆ ಕೋಣೆಯ ಮೂಲೆಯಲ್ಲಿ ಅದು ಇದೆ.

ಜೂನ್‌ನಲ್ಲಿ, ಮಳೆ ಹಿಡಿಯುವ ಮೊದಲು, ನಮ್ಮಲ್ಲಿ ಊರಿಗೆ ಮರಳಿದವರು ಶಿರಸಿಗೆ ಹೋಗಿ ಆಕೆಯ ಮನೆ ಹುಡುಕಿದರು. ಇನ್ನೊಬ್ಬರು ಕೇಂಬ್ರಿಡ್ಜ್‌ನಿಂದ ಫೋನಿನಲ್ಲಿದ್ದರು. ಆಕೆಗೆ ಸುದ್ದಿಯ ನೆನಪಿತ್ತು, ನಮ್ಮ ಮುಖದ ನೆನಪಿರಲಿಲ್ಲ. ತಪ್ಪಾಯಿತು ಎಂದೆವು. ಆಕೆ ತುಸು ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಬರೂಕೆ ಇಷ್ಟು ವರ್ಷ ಬೇಕಾಯ್ತಾ?' ಎಂದರು. ಚಾ ಕೊಟ್ಟರು. ಒಲೆಯಲ್ಲಿ ಉರಿಯುತ್ತಿದ್ದದ್ದು ಅಕೇಶಿಯಾ ಕಟ್ಟಿಗೆ. ದುಡ್ಡು ಕೊಟ್ಟು ತಂದದ್ದಂತೆ.