ಎಫ್.ಎಂ.ಗೆ ಹೊರಟ ಸುದ್ದಿ, ಗುಡ್ಡದ ಈಚೆಗೆ ಉಳಿದ ನಾವು

ನ್ಯೂಜೆರ್ಸಿಯಲ್ಲಿ ಹತ್ತು ಹದಿನೈದು ವರ್ಷ ಕಾರು ಓಡಿಸಿದ ಯಾವ ಕನ್ನಡಿಗರನ್ನಾದ್ರೂ "880 ಅಂದ್ರೆ ಏನು?" ಅಂತ ಕೇಳಿ ನೋಡಿ, ಅರ್ಧ ಜನ ಥಟ್ಟನೆ "ಟ್ರಾಫಿಕ್ಕು" ಅಂತಾರೆ. ಉಳಿದರ್ಧ ಜನ "ಅಲ್ಲ ರೀ, 1010" ಅಂತ ಜಗಳಕ್ಕೆ ಬರ್ತಾರೆ. ಇದೊಂಥರ ಇಡ್ಲಿ ಗಟ್ಟಿಯಾ ದೋಸೆ ಗಟ್ಟಿಯಾ ಅನ್ನೋ ಚರ್ಚೆ, ಮುಗಿಯೋದಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಪೀಠಿಕೆ. ನ್ಯೂಯಾರ್ಕಿನಲ್ಲಿ ಎರಡು ಎ.ಎಂ. ರೇಡಿಯೋ ಸ್ಟೇಷನ್‌ಗಳು ದಿನದ ಇಪ್ಪತ್ನಾಲ್ಕು ಗಂಟೆ ಬರೀ ಸುದ್ದಿ ಹೇಳ್ತಾ ಇದ್ವು. ಒಂದು 1010 ವಿನ್ಸ್, 1965ರಲ್ಲಿ ಹಾಡು ಬಿಟ್ಟು ಸುದ್ದಿಗೆ ಬಂದದ್ದು. ಇನ್ನೊಂದು ಡಬ್ಲ್ಯೂಸಿಬಿಎಸ್ 880, 1967ರದ್ದು. ವಿನ್ಸ್‌ನವರು ಹಿಂದೆ ಟೆಲಿಪ್ರಿಂಟರ್ ಸದ್ದು ಕಟಕಟ ಅನ್ನಿಸ್ತಾ, ಇಪ್ಪತ್ತೆರಡು ನಿಮಿಷ ಕೊಡಿ, ಪ್ರಪಂಚಾನೇ ಕೊಡ್ತೀವಿ ಅಂತಿದ್ರು. 880ಯವರು ಇನ್ನೊಂದು ಸ್ವಲ್ಪ ನಿಧಾನ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ವಿನ್ಸ್‌ನಲ್ಲಿ ಟ್ರಾಫಿಕ್ ಬರೋದು 1, 11, 21... ಹೀಗೆ ಒಂದರಿಂದ ಕೊನೆಯಾಗೋ ನಿಮಿಷಗಳಲ್ಲಿ. 880ಯಲ್ಲಿ 8, 18, 28. ನನ್ನಂಥ ಪಳಗಿದವರು ಎಂಟಕ್ಕೆ ಅಲ್ಲಿ ಕೇಳಿ, ಬಟನ್ ಒತ್ತಿ, ಮೂರು ನಿಮಿಷ ಬಿಟ್ಟು ಇಲ್ಲಿ ಕೇಳಿ, ಇಬ್ಬರೂ ಒಂದೇ ಮಾತು ಹೇಳಿದ್ರೆ ಮಾತ್ರ ರೂಟ್ 80 ಬಿಟ್ಟು ಒಳದಾರಿ ಹಿಡೀತಿದ್ವಿ. ಜಿಪಿಎಸ್ ಬಂದಮೇಲೂ ಈ ಚಟ ಹೋಗಿರ್ಲಿಲ್ಲ.

2022ರ ಅಕ್ಟೋಬರಿನಲ್ಲಿ ವಿನ್ಸ್ 92.3 ಎಫ್.ಎಂ.ನಲ್ಲೂ ಶುರುವಾಯ್ತು. ಒಂದು ಕಾಲಕ್ಕೆ ಹೊವರ್ಡ್ ಸ್ಟರ್ನ್ ಕೂತು ಊರಿಡೀ ಬಾಯಿಗೆ ಕೈಯಿಟ್ಟುಕೊಳ್ಳೋ ಹಾಗೆ ಮಾತಾಡ್ತಿದ್ದ ಅದೇ ನಂಬರು! ಇದೇನೂ ಹೊಸ ವಿದ್ಯೆ ಅಲ್ಲ. ವಾಷಿಂಗ್ಟನ್ನಿನ ಡಬ್ಲ್ಯೂಟಿಒಪಿ 2006ರಲ್ಲೇ 1500 ಎ.ಎಂ. ಬಿಟ್ಟು 103.5 ಎಫ್.ಎಂ.ಗೆ ಹೋಗಿ, ಆಮೇಲೆ ಹಲವು ವರ್ಷ ಇಡೀ ಅಮೆರಿಕದಲ್ಲೇ ಅತಿ ಹೆಚ್ಚು ಆದಾಯದ ಸ್ಟೇಷನ್ ಅನ್ನಿಸಿಕೊಳ್ತು. ಅದನ್ನ ನೋಡಿ ಉಳಿದವರಿಗೂ ಆಸೆ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆಸಿಬಿಎಸ್, 2011ರಲ್ಲಿ ಶಿಕಾಗೋದ ಡಬ್ಲ್ಯೂಬಿಬಿಎಂ, 2020ರಲ್ಲಿ ಫಿಲಡೆಲ್ಫಿಯಾದ ಕೆವೈಡಬ್ಲ್ಯೂ, 2021ರಲ್ಲಿ ಲಾಸ್ ಏಂಜಲೀಸಿನ ಕೆಎನ್‌ಎಕ್ಸ್... ಎಲ್ಲರೂ ಒಂದು ಕಾಲು ಎಫ್.ಎಂ.ನಲ್ಲಿ ಇಟ್ಟರು. ಎಫ್.ಎಂ.ಗೆ ಹೋದವರೆಲ್ಲ ಗೆದ್ದರು ಅಂತಲೂ ಅಲ್ಲ. ನ್ಯೂಯಾರ್ಕಿನಲ್ಲೇ 101.9ರಲ್ಲಿ 2011ರಲ್ಲಿ ಹೊಸದಾಗಿ ಸುದ್ದಿ ಸ್ಟೇಷನ್ ತೆಗೆದವರು ಒಂದು ವರ್ಷದೊಳಗೆ ಅಂಗಡಿ ಮುಚ್ಚಿದರು. ಜನ ಹಳೇ ಹೆಸರನ್ನ ಹೊಸ ಜಾಗದಲ್ಲಿ ಹುಡುಕಿಕೊಂಡು ಬರ್ತಾರೆ, ಹೊಸ ಹೆಸರನ್ನ ಹುಡುಕೋ ತಾಳ್ಮೆ ಯಾರಿಗಿದೆ?

ಆಮೇಲೆ 2024ರ ಆಗಸ್ಟ್ 26, ಮಧ್ಯರಾತ್ರಿ. 880ಯಲ್ಲಿ ಸುದ್ದಿ ನಿಂತುಹೋಯ್ತು. ಐವತ್ತೇಳು ವರ್ಷ ತುಂಬೋಕೆ ಎರಡೇ ದಿನ ಬಾಕಿ ಇತ್ತು ನೋಡಿ. ಆ ಜಾಗಕ್ಕೆ ಕ್ರೀಡೆಯ ಸ್ಟೇಷನ್ ಬಂತು. ಎರಡೂ ಸುದ್ದಿ ಸ್ಟೇಷನ್‌ಗಳಿಗೆ ಮಾಲೀಕರು ಒಬ್ಬರೇ. ಒಂದು ಎಫ್.ಎಂ.ಗೆ ಏರಿದ ಮೇಲೆ ಇನ್ನೊಂದು ಯಾಕೆ ಅನ್ನೋ ಲೆಕ್ಕ ಇರಬೇಕು, ವ್ಯಾಪಾರದ ಲೆಕ್ಕದಲ್ಲಿ ತಪ್ಪೇನೂ ಇಲ್ಲದೇ ಇರಬಹುದು.

ಆದ್ರೆ ನಾನಿರೋದು ಹ್ಯಾಕೆಟ್ಸ್‌ಟೌನ್ ಹತ್ತಿರ. ಮ್ಯಾನ್‌ಹ್ಯಾಟನ್ನಿನಿಂದ ಸುಮಾರು ಐವತ್ತು ಮೈಲಿ ಪಶ್ಚಿಮಕ್ಕೆ, ನಡುವೆ ಸ್ಕೂಲೀಸ್ ಮೌಂಟನ್ ಅಂತ ಒಂದು ಗುಡ್ಡ. ನಮ್ಮ ಮಲೆನಾಡಿನವರು ನೋಡಿದ್ರೆ "ಇದಕ್ಕೂ ಮೌಂಟನ್ ಅಂತಾರಾ?" ಅಂತ ನಗಬೇಕು, ಅಷ್ಟೆತ್ತರ. ಆದ್ರೆ ರೇಡಿಯೋ ಅಲೆಗೆ ಅಷ್ಟು ಸಾಕು.

ಯಾಕೆ ಅಂದ್ರೆ, ಎಫ್.ಎಂ. ಅಲೆ ಹೆಚ್ಚೂಕಮ್ಮಿ ಬೆಳಕಿನ ಜಾತಿ. 92.3ರ ಅಲೆಯ ಉದ್ದ ಮೂರು ಮೀಟರು ಚಿಲ್ಲರೆ. ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ಹೊರಟು ಕಣ್ಣಿಗೆ ಕಾಣೋಷ್ಟು ದೂರ, ಅದಕ್ಕಿಂತ ಒಂಚೂರು ಜಾಸ್ತಿ ಹೋಗುತ್ತೆ, ಗುಡ್ಡ ಅಡ್ಡ ಬಂದ್ರೆ ಗುಡ್ಡದ ನೆರಳು. 1010ರ ಅಲೆಯ ಉದ್ದ ಮುನ್ನೂರು ಮೀಟರಿಗೆ ಮೂರೇ ಮೀಟರು ಕಮ್ಮಿ. ಅದು ನೆಲಕ್ಕೆ ಅಂಟಿಕೊಂಡು, ಗುಡ್ಡ ಹತ್ತಿ ಇಳಿದು ಬರುತ್ತೆ. ಅದಕ್ಕೇ ಎ.ಎಂ.ಗೆ ಅಷ್ಟೊಂದು ಜಾಗ ಬೇಕು. ಅಲ್ಲಿ ಆಂಟೆನಾ ಅಂದ್ರೆ ಟವರ್ ಮೇಲೆ ಕೂರಿಸಿದ್ದಲ್ಲ, ಟವರೇ ಆಂಟೆನಾ. ಅದರ ಬುಡದ ಸುತ್ತ ನೆಲದೊಳಗೆ ತಾಮ್ರದ ತಂತಿಗಳನ್ನ ಚಕ್ರದ ಅರೆಕಾಲಿನ ಹಾಗೆ ಹೂತಿರ್ತಾರೆ. ನ್ಯೂಜೆರ್ಸಿ ಟರ್ನ್‌ಪೈಕ್‌ನಲ್ಲಿ ಲಿಂಡ್‌ಹರ್ಸ್ಟ್ ಹತ್ತಿರ ಜೌಗು ನೆಲದಲ್ಲಿ ಸಾಲಾಗಿ ನಿಂತ ವಿನ್ಸ್ ಟವರುಗಳನ್ನ ನೀವೂ ನೋಡಿರ್ತೀರಿ, ಏನು ಅಂತ ಗೊತ್ತಿರಲಿಲ್ಲ ಅಷ್ಟೇ. ಒದ್ದೆ ನೆಲ ಮೀಡಿಯಂ ವೇವಿಗೆ ಬಲು ಪ್ರೀತಿ. ಈಗ ಆ ಥರದ ಜಾಗಕ್ಕೆ ಚಿನ್ನದ ಬೆಲೆ. ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿ ಡಬ್ಲ್ಯೂಎಂಎಎಲ್‌ನ ಟವರುಗಳನ್ನ 2020ರಲ್ಲಿ ಉರುಳಿಸಿದ್ದು ಅಲ್ಲಿ ಮನೆ ಕಟ್ಟೋಕೆ. ಸುದ್ದಿ ಆಕಾಶದಲ್ಲಿ ಓಡಾಡುತ್ತೆ ಅಂತೀವಿ, ಅದರ ಬೇರು ಮಾತ್ರ ಸೈಟಿನ ರೇಟಿನಲ್ಲಿರುತ್ತೆ.

ಇನ್ನು 1010 ಎ.ಎಂ. ಇದೆಯಲ್ಲ, ಅದನ್ನೇ ಕೇಳಿ ಅಂತೀರಾ? ಅಲ್ಲೂ ಒಂದು ಕೊಕ್ಕೆ. ಟೊರಾಂಟೋದಲ್ಲೂ ಒಂದು 1010 ಇದೆ. ರಾತ್ರಿ ಎ.ಎಂ. ಅಲೆಗಳು ಮೇಲಿನ ವಾತಾವರಣಕ್ಕೆ ಬಡಿದು ನೂರಾರು ಮೈಲಿ ಆಚೆ ಬೀಳೋದ್ರಿಂದ, ಒಬ್ಬರ ಮೇಲೊಬ್ಬರು ಬೀಳದ ಹಾಗೆ ವಿನ್ಸ್ ಆ ದಿಕ್ಕಿಗೆ ದನಿ ತಗ್ಗಿಸಬೇಕು. ನಾವು ಹೆಚ್ಚೂಕಮ್ಮಿ ಅದೇ ದಿಕ್ಕಿನಲ್ಲಿ ಮನೆ ಮಾಡಿದೀವಿ. 880ಗೆ ಆ ಹಂಗಿರಲಿಲ್ಲ, ಐವತ್ತು ಸಾವಿರ ವ್ಯಾಟು, ಎಲ್ಲಾ ದಿಕ್ಕಿಗೂ ಒಂದೇ ಸಮ. ಹಾಗಾಗಿ ಸುದ್ದಿ ಎಫ್.ಎಂ.ಗೆ 'ವಿಸ್ತರಿಸಿತು' ಅಂತ ಎಲ್ಲರೂ ಬರೆದಾಗ, ಗುಡ್ಡದ ಈಚೆಯವರಿಗೆ ಅದು ಒಂದು ಸುತ್ತು ಚಿಕ್ಕದಾದ ಹಾಗೆ. ತಪ್ಪು ಸ್ಟೇಷನ್ನಿನವರದ್ದಲ್ಲ, ಗುಡ್ಡದ್ದು. ದಕ್ಷಿಣಕ್ಕೆ ಹೋದ್ರೆ ಇನ್ನೊಂದು ತಮಾಷೆ, ಫಿಲಡೆಲ್ಫಿಯಾ ಕಡೆಗೆ ಹತ್ತಿರ ಆದಷ್ಟೂ ಅಲ್ಲಿನ 92.5ರ ಕಂಟ್ರಿ ಹಾಡು ಗಿಟಾರು ಹಿಡ್ಕೊಂಡು ಸುದ್ದಿಯ ಮಧ್ಯ ನುಗ್ಗುತ್ತೆ.

ಇಲ್ಲೊಂದು ಹಳೇ ಕತೆ ಹೇಳ್ಬೇಕು. 880ಯ ಸುದ್ದಿ ಶುರುವಾಗಬೇಕಿದ್ದ ಹಿಂದಿನ ದಿನ, 1967ರ ಆಗಸ್ಟ್ 27ರಂದು, ಬ್ರಾಂಕ್ಸ್ ಪಕ್ಕದ ಹೈ ಐಲೆಂಡ್ ಅನ್ನೋ ಪುಟ್ಟ ದ್ವೀಪದಲ್ಲಿದ್ದ ಅದರ ಟವರಿಗೆ ಸಣ್ಣ ವಿಮಾನವೊಂದು ಡಿಕ್ಕಿ ಹೊಡೆದು ಟವರು ಬಿದ್ದುಹೋಯ್ತು. ಮಾರನೇ ದಿನ ಎ.ಎಂ. ಸುದ್ದಿ ಸ್ಟೇಷನ್ನಿನ ಉದ್ಘಾಟನೆ ಆಗಿದ್ದು 101.1 ಎಫ್.ಎಂ.ನಲ್ಲಿ! ಆ ಕಾಲಕ್ಕೆ ಎಫ್.ಎಂ. ಕೇಳೋರೇ ಕಡಿಮೆ. ಹುಟ್ಟಿದ ದಿನ ಎಫ್.ಎಂ.ನಲ್ಲಿದ್ದ ಸ್ಟೇಷನ್ನು ಕೊನೆಗೆ ಎಫ್.ಎಂ. ಸಿಗದೇ ಸುದ್ದಿ ನಿಲ್ಲಿಸಿತಲ್ಲ ಅಂತ ನನಗೆ ಆಗಾಗ ಅನ್ನಿಸುತ್ತೆ.

*

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಬಂತು. ನಮ್ಮ ಬೀದಿಯಲ್ಲಿ ಒಂಬತ್ತು ದಿನ ಕರೆಂಟಿರಲಿಲ್ಲ. ಮಗಳಿಗೆ ಆಗ ಏಳು ತಿಂಗಳು. ಫೋನು ಚಾರ್ಜ್ ಮಾಡೋಕೆ ಕಾರು ಸ್ಟಾರ್ಟ್ ಮಾಡ್ಬೇಕು, ಕಾರಿನಲ್ಲಿ ಪೆಟ್ರೋಲು ಕಾಲು ಟ್ಯಾಂಕು. ಅಡುಗೆಮನೆ ಡ್ರಾಯರಿನಲ್ಲಿದ್ದ ಎರಡು ಸೆಲ್ಲಿನ ಸಣ್ಣ ಟ್ರಾನ್ಸಿಸ್ಟರ್ ತೆಗೆದು 880 ಹಾಕಿದ್ರೆ... ಏನು ಸ್ಪಷ್ಟ ಅಂತೀರಿ! ಬೇರೆ ದಿನ ಮನೆಯೊಳಗೆ ಸದಾ ಇರ್ತಿದ್ದ ಆ ಗುಂಯ್‌ಗುಡೋ ಸದ್ದೇ ಇಲ್ಲ. ಎಲ್ಲಿ ಬರಬೇಕು? ಆ ಸದ್ದು ಮಾಡೋ ಚಾರ್ಜರು, ಟಿವಿ, ದೀಪ ಎಲ್ಲಾ ಸತ್ತಿದ್ವಲ್ಲ. ಪೆಟ್ರೋಲ್ ಬಂಕಿನಲ್ಲಿ ಹನ್ನೆರಡು ಕೌಂಟಿಗಳಿಗೆ ರೇಷನ್, ನವೆಂಬರ್ 3ರ ಮಧ್ಯಾಹ್ನದಿಂದ ನಂಬರ್ ಪ್ಲೇಟಿನ ಕೊನೇ ಅಂಕಿ ಬೆಸ ಇದ್ದವರಿಗೆ ಬೆಸ ತಾರೀಕು, ಸಮ ಇದ್ದವರಿಗೆ ಸಮ ತಾರೀಕು ಅಂತ ನಮಗೆ ಗೊತ್ತಾಗಿದ್ದೇ ಆ ಟ್ರಾನ್ಸಿಸ್ಟರಿನಿಂದ. ನಮ್ಮದು ಸಮ. ಭಾನುವಾರ 4ನೇ ತಾರೀಕು ಬೆಳಗಿನ ಜಾವ ಮಗು ಮಲಗಿರೋವಾಗಲೇ ಹೋಗಿ ಸಾಲಿನಲ್ಲಿ ನಿಂತೆ. ಸಾಲಿನಲ್ಲಿ ಹಿಂದಿನ ಕಾರಿನವನೂ ಅದೇ ಸ್ಟೇಷನ್ ಹಾಕ್ಕೊಂಡಿದ್ದ.

ಸರಿಯಾಗಿ ಇದೇ ಮಾತನ್ನ ಏಳು ವರ್ಷ ಬಿಟ್ಟು ಅಪ್ಪಯ್ಯನ ಬಾಯಲ್ಲಿ ಕೇಳಿದೆ. 2019ರ ಆಗಸ್ಟಿನ ಮಳೆ ನಿಮಗೆ ನೆನಪಿರಬಹುದು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಮೂಲೆಯಲ್ಲಿ ನಮ್ಮನೆ. ಕರೆಂಟು ಹೋಗಿ, ಮೊಬೈಲ್ ಟವರಿನ ಡೀಸೆಲ್ಲೂ ಮುಗಿದು, ನಾಲ್ಕು ದಿನ ಅಪ್ಪಯ್ಯ-ಅಮ್ಮನ ಜೊತೆ ಮಾತಿಲ್ಲ. ಇಲ್ಲಿ ನಾನು ರಾತ್ರಿಯಿಡೀ ಕನ್ನಡ ಪೇಪರುಗಳ ವೆಬ್‌ಸೈಟ್ ತೆಗೆದು, ತುಂಗೆ ಎಲ್ಲೆಲ್ಲಿ ಹತ್ತಿದ್ದಾಳೆ ಅಂತ ನೋಡ್ತಾ ಕೂತಿದ್ದೆ. ಐದನೇ ದಿನ ಫೋನ್ ಹೋಯ್ತು.

"ಅಪ್ಪಯ್ಯಾ, ಹ್ಯಾಗಿದೀರಿ? ಎಂಥ ಮಾಡ್ತಿದ್ರಿ ಇಷ್ಟು ದಿನ?"

"ಎಂಥ ಮಾಡೋದು, ರೇಡಿಯೋ ಕೇಳೋದು. ಕರೆಂಟು ಹೋದ್ಮೇಲೆ ಭದ್ರಾವತಿ ಎಷ್ಟು ಚಂದ ಹಿಡಿತು ಮಾರಾಯ! ಹಿಂದಿನ ಕಾಲದ ಹಾಗೆ."

ನಾಲ್ಕು ದಿನ ಉಸಿರು ಬಿಗಿಹಿಡಿದಿದ್ದವನು ನಗಬೇಕೋ ಅಳಬೇಕೋ ಗೊತ್ತಾಗದೆ ಫೋನು ಹೆಂಡತಿ ಕೈಗೆ ಕೊಟ್ಟೆ.

ಭದ್ರಾವತಿ ಅಂದ್ರೆ ಮೀಡಿಯಂ ವೇವ್ 675. ನಾನು ಹುಡುಗನಾಗಿದ್ದಾಗ ಬೆಳಿಗ್ಗೆ 6:55ಕ್ಕೆ ಸಂಸ್ಕೃತ ವಾರ್ತೆ ಶುರುವಾದ್ರೆ ಅಮ್ಮ "ಏಳೋ, ಸಂಸ್ಕೃತ ಬಂತು" ಅಂತ ಎಬ್ಬಿಸ್ತಿದ್ದರು. ನಮ್ಮನೇಲಿ ಯಾರಿಗೂ ಸಂಸ್ಕೃತ ಬರ್ತಿರಲಿಲ್ಲ, ಅದು ಅಲಾರಂ ಅಷ್ಟೇ. ಸುತ್ತ ಗುಡ್ಡ ಇರೋ ಆ ತಗ್ಗಿಗೆ ಬರ್ತಾ ಇದ್ದದ್ದು ಮೀಡಿಯಂ ವೇವ್ ಮಾತ್ರ. ಆಮೇಲೆ ಎಲ್‌ಇಡಿ ಬಲ್ಬು, ಇನ್ವರ್ಟರು, ಟಿವಿ ಡಬ್ಬ ಬಂದು ಅಪ್ಪಯ್ಯನ ರೇಡಿಯೋ ಬರೀ ಕೊರ್ರ್ ಅನ್ನೋಕೆ ಶುರುವಾಯ್ತು. ರೇಡಿಯೋ ಕೆಟ್ಟಿದೆ ಅಂತ ಎರಡು ಸಲ ಪೇಟೆಗೆ ರಿಪೇರಿಗೆ ಒಯ್ದಿದ್ದರಂತೆ. ರೇಡಿಯೋ ಸರಿಯಾಗೇ ಇತ್ತು, ಮನೆ ಕೆಟ್ಟಿತ್ತು.

ಪ್ರಸಾರ ಭಾರತಿಯವರೂ ಹಲವು ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನ ಮುಚ್ಚಿ, ಎಫ್.ಎಂ. ಮತ್ತು ಮೊಬೈಲ್ ಆಪ್ ಕಡೆ ಹೊರಟಿದಾರೆ. ನಮ್ಮಲ್ಲಿ ಇನ್ನೊಂದು ತೊಡಕಿದೆ, ಖಾಸಗಿ ಎಫ್.ಎಂ.ನವರು ಸ್ವಂತ ಸುದ್ದಿ ಓದೋ ಹಾಗಿಲ್ಲ, 2011ರ ನೀತಿಯ ಪ್ರಕಾರ ಆಕಾಶವಾಣಿಯ ವಾರ್ತೆಯನ್ನ ಇದ್ದ ಹಾಗೇ ಮರುಪ್ರಸಾರ ಮಾಡಬಹುದು ಅಷ್ಟೇ. ಬೆಂಗಳೂರಿನಲ್ಲಿ ಅಷ್ಟೊಂದು ಎಫ್.ಎಂ. ಇದ್ದೂ ಟ್ರಾಫಿಕ್ ಮತ್ತು ಹಾಡು ಬಿಟ್ರೆ ಬೇರೇನಿಲ್ಲ ಯಾಕೆ ಅಂತ ಕೇಳೋರಿಗೆ ಉತ್ತರ ಇದು. ಇಲ್ಲಿ ಸುದ್ದಿ ಎಫ್.ಎಂ.ಗೆ ಹೋದ್ರೆ ಗುಡ್ಡ ಅಡ್ಡ, ಅಲ್ಲಿ ಕಾನೂನೂ ಅಡ್ಡ.

*

ಹೋದ ಸಲ ಕಾರು ಬದಲಾಯಿಸಿದಾಗ ಮನೆಯವಳ ಆಸೆಯಂತೆ ಬ್ಯಾಟರಿ ಕಾರು ತಗೊಂಡ್ವಿ. ಕಾರು ಚೆನ್ನಾಗಿದೆ, ಎ.ಎಂ. ಇಲ್ಲ. ಮೋಟಾರಿನ ವಿದ್ಯುತ್ತಿನ ಗದ್ದಲಕ್ಕೆ ಎ.ಎಂ. ಹಿಡಿಯೋಲ್ಲ, ಅದಕ್ಕೇ ಹಲವು ಕಂಪನಿಯವರು ತೆಗೆದೇಬಿಟ್ಟಿದಾರೆ. ತಂತಿಗೆ ಸರಿಯಾಗಿ ಹೊದಿಕೆ ಹಾಕಿ, ಖರ್ಚು ಮಾಡಿದ್ರೆ ಆ ಗದ್ದಲ ತಡೀಬಹುದು, ಆದ್ರೆ ಯಾರಿಗಾಗಿ ಮಾಡ್ತಾರೆ? 2023ರಲ್ಲಿ ಫೋರ್ಡ್‌ನವರು ತೆಗೀತೀವಿ ಅಂದು, ಗಲಾಟೆಯಾದ ಮೇಲೆ ಇಡ್ತೀವಿ ಅಂದರು. ಪ್ರತಿ ಕಾರಿನಲ್ಲೂ ಎ.ಎಂ. ಇರಲೇಬೇಕು ಅಂತ ಅದೇ ವರ್ಷ ಎರಡೂ ಪಕ್ಷದವರು ಸೇರಿ ಸಂಸತ್ತಿನಲ್ಲಿ ಮಸೂದೆ ತಂದರು. ಎರಡೂ ಪಕ್ಷ ಒಟ್ಟಿಗೆ ಕೂತ ಅಪರೂಪದ ವಿಷಯ ನೋಡಿ! ವಿಪತ್ತು ನಿರ್ವಹಣೆಯ ಮಾಜಿ ಮುಖ್ಯಸ್ಥರು ಕೂಡ ಇದನ್ನ ಬಿಡಬೇಡಿ ಅಂತ ಪತ್ರ ಬರೆದಿದ್ದರು. ಸ್ಯಾಂಡಿ ನೋಡಿದ ಯಾರೂ ಅವರನ್ನ ಹಳೇ ಕಾಲದವರು ಅಂತ ತಳ್ಳಿಹಾಕೋಲ್ಲ ಅನ್ಸುತ್ತೆ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳ್ಬೇಕು. ಎ.ಎಂ.ನವರು ಎಫ್.ಎಂ.ಗೆ ಬರೋದರಿಂದ ನಮಗೆ ಬರೀ ನಷ್ಟ ಅಂತಲ್ಲ. ಹ್ಯಾಕೆಟ್ಸ್‌ಟೌನಿನಲ್ಲೇ ಡಬ್ಲ್ಯೂಆರ್‌ಎನ್‌ಜೆ ಅಂತ ಒಂದು ಪುಟ್ಟ ಸ್ಟೇಷನ್ ಇದೆ, 1510 ಎ.ಎಂ. ಇಂಥವರಿಗೆ ಟ್ರಾನ್ಸ್‌ಲೇಟರ್ ಅನ್ನೋ ಸಣ್ಣ ಎಫ್.ಎಂ. ಪ್ರೇಷಕ ಇಟ್ಟುಕೊಳ್ಳೋಕೆ ಸರ್ಕಾರ 2009ರಿಂದ ಅವಕಾಶ ಕೊಟ್ಟಿದೆ. ಹೆಚ್ಚೆಂದ್ರೆ 250 ವ್ಯಾಟು, ನಮ್ಮ ಇಸ್ತ್ರಿಪೆಟ್ಟಿಗೆಯ ಕಾಲು ಭಾಗ. ಇವರು 92.7, 104.7, 105.7 ಅಂತ ಗುಡ್ಡದ ಈಚೆಗೇ ಅಲ್ಲಲ್ಲಿ ದೀಪ ಹಚ್ಚಿಟ್ಟ ಹಾಗೆ ಇಟ್ಟುಕೊಂಡಿದಾರೆ. ಶಾಲೆಗೆ ಹಿಮದ ರಜೆ, ಯಾವ ರಸ್ತೆಗೆ ಮರ ಬಿದ್ದಿದೆ, ಎಲ್ಲಾ ಬರುತ್ತೆ. ಅಪ್ಪಯ್ಯನ ತಗ್ಗಿಗೂ ಇಂಥದ್ದೊಂದು 250 ವ್ಯಾಟಿನ ಪ್ರೇಷಕವನ್ನ ಎದುರಿನ ಗುಡ್ಡದ ಮೇಲೆ ಯಾರಾದ್ರೂ ಇಟ್ಟಿದ್ರೆ ಅಂತ ಎಷ್ಟೋ ಸಲ ಅಂದುಕೊಂಡಿದೀನಿ.

ಆದ್ರೆ ರಾತ್ರಿ ಪಾಳಿ ಮುಗಿಸಿ ಹಳೇ ಕಾರಿನಲ್ಲಿ ಬರೋವಾಗ, ಡೆನ್ವಿಲ್ ದಾಟಿದ ಮೇಲೆ ಕೈ ತಾನಾಗೇ ಎ.ಎಂ. ಕಡೆ ಹೋಗುತ್ತೆ. 880ಯಲ್ಲಿ ಬೇಸ್‌ಬಾಲ್ ಮಾತು. ಒಂಚೂರು ಆಚೆ ತಿರುಗಿಸಿದ್ರೆ ಬಾಸ್ಟನ್ನಿನ ಡಬ್ಲ್ಯೂಬಿಝಡ್ 1030, ಇನ್ನೂರು ಮೈಲಿ ಆಚೆಯಿಂದ, ಏರ್ತಾ ಇಳೀತಾ, ಬಾವಿಯೊಳಗಿಂದ ಮಾತಾಡಿದ ಹಾಗೆ. ಅವರ ಟ್ರಾಫಿಕ್ ಮೂರರಿಂದ ಕೊನೆಯಾಗೋ ನಿಮಿಷಗಳಲ್ಲಿ. ಮ್ಯಾಸಚೂಸೆಟ್ಸ್ ಟರ್ನ್‌ಪೈಕ್‌ನಲ್ಲಿ ಯಾವ ಕಡೆ ಲೇನ್ ಮುಚ್ಚಿದಾರೆ ಅಂತ ನನಗೀಗ ಚೆನ್ನಾಗಿ ಗೊತ್ತು. ನನ್ನ ಮುಂದಿನ ರೂಟ್ 80ರಲ್ಲಿ ಕೆಂಪು ದೀಪಗಳ ಸಾಲು ಯಾಕೆ ನಿಂತಿದೆ ಅಂತ ಮಾತ್ರ ಯಾರೂ ಹೇಳೋಲ್ಲ.