ನೋಟವನ್ನು ಹೇಳುವ ಇಂಗ್ಲಿಷ್ ಮತ್ತು ಕೊಚ್ಚಿಯ ಒಂದು ಹಳೆಯ ಪುಸ್ತಕ

ಒಂದು ವಸ್ತು ನೋಡಲು ಹೇಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಬೇಕಾದಾಗ ದಕ್ಷಿಣ ಭಾರತದ ವಿದ್ಯಾವಂತರ ಬಾಯಿಂದಲೂ ಮತ್ತೆ ಮತ್ತೆ ಹೊರಡುವ ವಾಕ್ಯ ‘ಹೌ ಡಸ್ ಇಟ್ ಲುಕ್ ಲೈಕ್’ ಎಂಬುದು. ವ್ಯಾಕರಣ ಒಪ್ಪುವ ರೂಪಗಳು ‘ಹೌ ಡಸ್ ಇಟ್ ಲುಕ್’ ಮತ್ತು ‘ವಾಟ್ ಡಸ್ ಇಟ್ ಲುಕ್ ಲೈಕ್’ ಎಂಬ ಎರಡೇ ಆಗಿದ್ದು, ಒಂದರ ತಲೆಯನ್ನು ಇನ್ನೊಂದರ ಬಾಲಕ್ಕೆ ಬೆಸೆದು ಹುಟ್ಟಿದ ಈ ಮೂರನೆಯದು ‘ಸಾಮಾನ್ಯ ತಪ್ಪುಗಳು’ ಎಂಬ ಹೆಸರಿನ ಎಲ್ಲ ಕೈಪಿಡಿಗಳಲ್ಲೂ ಖಾಯಂ ಸ್ಥಾನ ಪಡೆದಿದೆ. ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ವಿದೇಶದ ಆಸ್ಪತ್ರೆಗಳಿಗೆ ಹೊರಟ ನರ್ಸುಗಳಿಗೆಂದೇ ಐಇಎಲ್‌ಟಿಎಸ್ ಮತ್ತು ಒಇಟಿ ತರಬೇತಿ ಕೇಂದ್ರಗಳು ಬೀದಿಬೀದಿಗಳಲ್ಲಿ ಇವೆ. ಒಇಟಿ ಎಂಬುದು ಆರೋಗ್ಯ ವೃತ್ತಿಯವರಿಗಾಗಿಯೇ ರೂಪಿಸಿದ ಇಂಗ್ಲಿಷ್ ಪರೀಕ್ಷೆಯಾಗಿದ್ದು, ಬ್ರಿಟನ್ನಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ 2017ರಲ್ಲಿ ಅದನ್ನು ಮಾನ್ಯ ಮಾಡಿದೆ. ಕಡಲು ದಾಟುವ ಮುನ್ನ ‘ಲೈಕ್’ ಎಂಬ ಈ ಪುಟ್ಟ ಪದವನ್ನು ದಾಟಬೇಕಾದವರ ಸಂಖ್ಯೆ ಸಣ್ಣದಲ್ಲ. ಬೇಸರದ ಸಂಗತಿಯೆಂದರೆ, ಕೈಪಿಡಿಗಳು ಇದು ತಪ್ಪು, ಇದು ಸರಿ ಎಂದು ಎರಡು ಅಂಕಣಗಳಲ್ಲಿ ಅಚ್ಚು ಹಾಕಿ ಮುಂದೆ ಸಾಗುತ್ತವೆಯೇ ಹೊರತು, ಇಷ್ಟು ಜನ ಬುದ್ಧಿವಂತರು ಒಂದೇ ಜಾಗದಲ್ಲಿ ಏಕೆ ಎಡವುತ್ತಾರೆಂದು ವಿಚಾರಿಸುವುದಿಲ್ಲ.

ಕಾರಣ ಅಜ್ಞಾನವಲ್ಲ, ತಾಯ್ನುಡಿಯ ಸುಸಂಗತತೆ. ಕನ್ನಡದಲ್ಲಿ ಹಾಗೆ, ಹೀಗೆ, ಹೇಗೆ ಎಂಬವು ಒಂದೇ ಮನೆಯ ಪದಗಳು. ‘ಸುಟ್ಟ ಗಾಯದ ಹಾಗಿದೆ’ ಎಂಬ ಉತ್ತರದೊಳಗೆ ‘ಹಾಗೆ’ ಇರುವುದರಿಂದ ಅದಕ್ಕೆ ತಕ್ಕ ಪ್ರಶ್ನೆ ‘ಹೇಗಿದೆ’ ಎಂದೇ ಇರಬೇಕಾಗುತ್ತದೆ, ಮತ್ತು ‘ಕೆಂಪಗಿದೆ’ ಎಂಬ ಉತ್ತರಕ್ಕೂ ಪ್ರಶ್ನೆ ಅದೇ. ಮಲಯಾಳದ ‘ಎಙ್ಙನೆ’ ಕೂಡ ಗುಣವನ್ನೂ ಹೋಲಿಕೆಯನ್ನೂ ಒಟ್ಟಿಗೇ ವಿಚಾರಿಸುತ್ತದೆ. ಇಂಗ್ಲಿಷ್ ಮಾತ್ರ ಇವೆರಡನ್ನು ಬೇರೆ ಬೇರೆ ಬಾಗಿಲಲ್ಲಿ ನಿಲ್ಲಿಸುತ್ತದೆ: ಉತ್ತರ ಗುಣವಾಚಕವಾದರೆ ‘ಹೌ’, ಉತ್ತರ ಇನ್ನೊಂದು ವಸ್ತುವಿನ ಹೆಸರಾದರೆ ‘ವಾಟ್’, ಮತ್ತು ಆ ಹೆಸರಿನ ಮುಂದೆ ‘ಲೈಕ್’. ಸುಮಾರು ಮೂರೂವರೆ ಶತಮಾನಗಳ ಹಿಂದೆ ಕೊಚ್ಚಿಗೆ ಬಂದಿಳಿದ ಡಚ್ಚರು ಸಹ ತಮ್ಮ ನುಡಿಯಲ್ಲಿ ಒಂದು ವಸ್ತುವಿನ ನೋಟವನ್ನು ‘ಹೇಗೆ’ ಎಂದೇ ಕೇಳುವವರು ಎಂಬುದನ್ನು ಗಮನಿಸಿದರೆ, ಈ ವಿಷಯದಲ್ಲಿ ನಮ್ಮವರು ಒಂಟಿಯಲ್ಲ.

ಆದರೂ ಇಂಗ್ಲಿಷಿನ ಈ ವಿಂಗಡಣೆಯನ್ನು ಕಲಿಯಬೇಕಾದದ್ದು ಪರೀಕ್ಷೆಯ ಅಂಕಕ್ಕಾಗಿ ಮಾತ್ರವಲ್ಲ. ಗಾಯದ ಅಂಚು ಕೆಂಪಗಿದೆ, ಊದಿದೆ, ಹಳದಿ ಸ್ರಾವವಿದೆ ಎಂಬುದು ಕಣ್ಣು ಕಂಡದ್ದು. ಗಾಯ ಸೋಂಕಾದಂತೆ ಕಾಣುತ್ತದೆ ಎಂಬುದು ಕಂಡದ್ದರಿಂದ ಮನಸ್ಸು ಕಟ್ಟಿದ್ದು. ರೋಗಿಯ ದಾಖಲೆ ಬರೆಯುವ ನರ್ಸ್ ಮೊದಲನೆಯದನ್ನು ಮೊದಲು ಬರೆಯಬೇಕೆಂದು ಶುಶ್ರೂಷಾ ಶಾಸ್ತ್ರ ಒತ್ತಿ ಹೇಳುತ್ತದೆ. ಹಾಗೆಂದು ವೈದ್ಯಶಾಸ್ತ್ರ ಹೋಲಿಕೆಯನ್ನು ಹೊರಗಿಟ್ಟಿಲ್ಲ: ಕಾಲರಾ ರೋಗಿಯ ಭೇದಿಯನ್ನು ಅಕ್ಕಿ ತೊಳೆದ ನೀರಿಗೆ ಹೋಲಿಸುತ್ತಾರೆ, ಜಠರದಲ್ಲಿ ರಕ್ತಸ್ರಾವವಾದಾಗಿನ ವಾಂತಿಯನ್ನು ಕಾಫಿಪುಡಿಯ ಗಸಿಗೆ, ಸ್ಕಾರ್ಲೆಟ್ ಜ್ವರದ ನಾಲಿಗೆಯನ್ನು ಸ್ಟ್ರಾಬೆರಿ ಹಣ್ಣಿಗೆ. ಇವುಗಳಲ್ಲಿ ಮೊದಲ ಎರಡನ್ನು ಕೇರಳದ ಯಾವ ಅಡುಗೆಮನೆಯೂ ವಿವರಿಸಬಲ್ಲದು. ಮೂರನೆಯದನ್ನು ಎಷ್ಟೋ ವಿದ್ಯಾರ್ಥಿನಿಯರು ಹಣ್ಣನ್ನು ಕಾಣುವ ಮೊದಲೇ ಬಾಯಿಪಾಠ ಮಾಡಿರುತ್ತಾರೆ. ಹೋಲಿಕೆಯ ಕಷ್ಟ ಇರುವುದೇ ಇಲ್ಲಿ: ಅದು ಹೇಳುವವನ ಕಣ್ಣನ್ನಷ್ಟೇ ಅಲ್ಲ, ಕೇಳುವವನ ಊರನ್ನೂ ಅವಲಂಬಿಸಿದೆ.

ಈ ಕಷ್ಟವನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಎದುರಿಸಿದ ಊರು ಕೊಚ್ಚಿಯೇ ಎಂಬುದನ್ನು ಅಲ್ಲಿನ ತರಬೇತಿ ಕೇಂದ್ರಗಳು ನೆನೆಯದಿರುವುದು ವಿಷಾದಕರ. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಸಿದುಕೊಂಡ ಡಚ್ ಈಸ್ಟ್ ಇಂಡಿಯಾ ಕಂಪನಿಯ ಮಲಬಾರ್ ದಂಡನಾಯಕನಾಗಿ ನಂತರ ಬಂದ ಹೆಂಡ್ರಿಕ್ ವಾನ್ ರೀಡ್, ಈ ಕರಾವಳಿಯ ಗಿಡಮರಗಳನ್ನು ಅವನ್ನೆಂದೂ ಕಾಣದ ಯುರೋಪಿನ ಓದುಗರಿಗೆ ವಿವರಿಸಲು ಹೊರಟನು. ಅದರ ಫಲವಾದ ‘ಹೋರ್ಟಸ್ ಮಲಬಾರಿಕಸ್’, ಅಂದರೆ ಮಲಬಾರಿನ ಉದ್ಯಾನ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. 700ಕ್ಕೂ ಹೆಚ್ಚು ಸಸ್ಯಗಳ ಆ ಜ್ಞಾನ ಬಂದದ್ದು ಚೇರ್ತಲ ಸಮೀಪದ ಕಡಕ್ಕರಪ್ಪಳ್ಳಿಯ ಈಳವ ವೈದ್ಯ ಇಟ್ಟಿ ಅಚ್ಯುತನ್ ಅವರಿಂದ, ಮತ್ತು ಕೊಚ್ಚಿಯಲ್ಲಿ ನೆಲೆಸಿದ್ದ ಕೊಂಕಣಿ ಬ್ರಾಹ್ಮಣ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರಿಂದ. ಇವರು 1675ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳು ಮೊದಲ ಸಂಪುಟದಲ್ಲೇ ಇವೆ. ಅವರ ಮಾತನ್ನು ದುಭಾಷಿ ಎಮಾನುಯೆಲ್ ಕಾರ್ನೇರೊ ಪೋರ್ಚುಗೀಸಿಗೆ ತಿರುಗಿಸಿದರೆ, ಅಲ್ಲಿಂದ ಅದು ಲ್ಯಾಟಿನ್ನಿಗೆ ಸಾಗುತ್ತಿತ್ತು. ಮೊದಲ ಸಂಪುಟದ ಲ್ಯಾಟಿನ್ನಿಗೆ ಹೆಗಲು ಕೊಟ್ಟ ಪಾದ್ರಿ ಯೋಹಾನ್ನೆಸ್ ಕಸೇರಿಯಸ್ ಯೌವನದಲ್ಲಿ ತತ್ವಜ್ಞಾನಿ ಸ್ಪಿನೋಜಾನ ಬಳಿ ಪಾಠ ಹೇಳಿಸಿಕೊಂಡವನು. ಒಂದು ಎಲೆಯ ನೋಟ ಇಷ್ಟೊಂದು ನಾಲಿಗೆಗಳನ್ನು ದಾಟಿಯೂ ಗುರುತು ಸಿಗುವಂತೆ ಉಳಿಯಿತೆಂದರೆ, ಆ ವೈದ್ಯರು ಮೊದಲಿಗೆ ಎಷ್ಟು ನಿಖರವಾಗಿ ಹೇಳಿರಬೇಕು!

ಆ ಗ್ರಂಥ ತೆರೆದುಕೊಳ್ಳುವುದು ‘ತೆಂಗ’ ಎಂಬ ಹೆಸರಿನಿಂದ, ಅದರ ಹಿಂದೆಯೇ ಅಡಿಕೆ ‘ಕೌಂಗ’ ಎಂಬ ಹೆಸರಿನಲ್ಲಿ ಬರುತ್ತದೆ. ತೆಂಗು ಕಂಗು ಎಂದು ಒಂದೇ ಉಸಿರಿನಲ್ಲಿ ಹೇಳುವ ಕನ್ನಡ ಕರಾವಳಿಯವರು ಆಮ್‌ಸ್ಟರ್‌ಡ್ಯಾಮಿನ ಈ ಪುಟಗಳಲ್ಲಿ ಪರಕೀಯರಾಗುವುದಿಲ್ಲ. ದಕ್ಷಿಣ ಕನ್ನಡದ ಹಿತ್ತಲುಗಳಲ್ಲಿ ಚಪ್ಪರ ಹಾಕಿ ಬೆಳೆಸುವ ಬಸಳೆ ಅಲ್ಲಿ ‘ಬಸೆಲ್ಲ’ ಎಂಬ ಹೆಸರಿನಿಂದ ಇದ್ದು, ಅದೇ ಹೆಸರನ್ನು 1753ರಲ್ಲಿ ಸಸ್ಯವಿಜ್ಞಾನಿ ಲಿನ್ನೇಯಸ್ ಇಡೀ ಕುಲಕ್ಕೆ ಇಟ್ಟದ್ದರಿಂದ ಜಗತ್ತಿನ ಸಸ್ಯಶಾಸ್ತ್ರಜ್ಞರೆಲ್ಲ ಇಂದು ಅದನ್ನು ಬಸೆಲ್ಲ ಎಂದೇ ಬರೆಯುತ್ತಾರೆ. ಇನ್ನೂ ಸ್ವಾರಸ್ಯದ್ದು ಹೋಲಿಕೆಯಿಂದ ಹುಟ್ಟಿದ ಹೆಸರುಗಳ ಕಥೆ. ಮೊಣಕಾಲೆತ್ತರವೂ ಬೆಳೆಯದ ಒಂದು ಕಳೆಗಿಡವನ್ನು, ಅದರ ಸಾಲು ಎಲೆಗಳು ನೆಲ್ಲಿಮರದ ಎಲೆಗಳಂತಿವೆ ಎಂಬ ಕಾರಣಕ್ಕೆ ಕನ್ನಡಿಗರು ಕಿರುನೆಲ್ಲಿ ಎಂದೂ ಮಲಯಾಳಿಗಳು ಕೀಳಾರ್‌ನೆಲ್ಲಿ ಎಂದೂ ಕರೆದರು. ಆಧುನಿಕ ಸಸ್ಯಶಾಸ್ತ್ರ ಮರವನ್ನೂ ಕಳೆಯನ್ನೂ ಫಿಲಾಂತಸ್ ಎಂಬ ಒಂದೇ ಕುಲದಲ್ಲಿ ಇರಿಸಿ ಆ ಹಳೆಯ ಕಣ್ಣನ್ನು ಎತ್ತಿಹಿಡಿಯಿತು. ಎಲ್ಲ ಹೋಲಿಕೆಗಳಿಗೂ ಇಂಥ ಭಾಗ್ಯವಿಲ್ಲ: ಕಾಡುಜೀರಿಗೆಗೂ ಜೀರಿಗೆಗೂ ಇರುವ ಸಾಮ್ಯ ಬೀಜದಲ್ಲಿಯೇ ನಿಂತುಬಿಡುತ್ತದೆ, ಏಕೆಂದರೆ ಒಂದು ಸೂರ್ಯಕಾಂತಿಯ ಬಳಗದ್ದು, ಇನ್ನೊಂದು ಕೊತ್ತಂಬರಿಯ ಬಳಗದ್ದು. ಆದ್ದರಿಂದ ಹೋಲಿಕೆಯೆಂಬುದು ಅರಿವಿನ ಮೊದಲ ಹೆಜ್ಜೆಯೂ ಹೌದು, ಮೊದಲ ಅಪಾಯವೂ ಹೌದು.

ಸಸ್ಯಶಾಸ್ತ್ರ ಈ ಅಪಾಯವನ್ನು ನಿವಾರಿಸಿದ ಬಗೆಯನ್ನು ಭಾಷೆ ಕಲಿಸುವವರು ನೋಡಬೇಕು. ಅದು ಹೋಲಿಕೆಯನ್ನು ಬಿಡಲಿಲ್ಲ, ಅಳತೆಗೆ ಒಳಪಡಿಸಿತು. ‘ಓವೇಟ್’ ಎಂದರೆ ಮೊಟ್ಟೆಯಾಕಾರ, ಆದರೆ ಅಗಲವಾದ ಭಾಗ ತೊಟ್ಟಿನ ಕಡೆಗೇ ಇರಬೇಕು. ಅಗಲ ತುದಿಯ ಕಡೆಗಿದ್ದರೆ ‘ಆಬೊವೇಟ್’. ಬುಡದಲ್ಲಿ ಎರಡು ಹಾಲೆಗಳ ನಡುವೆ ತಗ್ಗಿದ್ದರೆ ‘ಕಾರ್ಡೇಟ್’, ಅಂದರೆ ಹೃದಯಾಕಾರ. ಇಲ್ಲಿ ‘ಲೈಕ್’ ಎಂಬ ಪದ ಮಾಯವಾಗಿ ಹೋಲಿಕೆಯೇ ಗುಣವಾಚಕವಾಗಿದೆ, ಹಾಗಾಗಿ ‘ಹೌ’ ಎಂಬ ಪ್ರಶ್ನೆಗೂ ಅದು ಉತ್ತರವಾಗಬಲ್ಲದು. ಇಂಗ್ಲಿಷಿನ ಎರಡು ಬಾಗಿಲುಗಳು ಒಳಗೆ ಒಂದೇ ಪಡಸಾಲೆಗೆ ತೆರೆಯುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಾಗಿಲ್ಲ.

ಬಹುಮಟ್ಟಿಗೆ ಲ್ಯಾಟಿನ್ ಬಲ್ಲವರಿಗೆ ಮಾತ್ರ ತೆರೆದಿದ್ದ ಆ ಗ್ರಂಥವನ್ನು ಇಂಗ್ಲಿಷಿಗೆ ತಂದವರು ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಕೆ. ಎಸ್. ಮಣಿಲಾಲ್ ಅವರು. ದಶಕಗಳ ಕಾಲ ಅವರು ಲ್ಯಾಟಿನ್ ಪಠ್ಯವನ್ನೂ ಕೇರಳದ ಬೇಲಿ, ಗದ್ದೆ, ಕಾಡುಗಳ ಜೀವಂತ ಗಿಡಗಳನ್ನೂ ಎದುರುಬದುರು ಇಟ್ಟು ತಾಳೆ ನೋಡಿದ ಮೇಲೆ, ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ 2003ರಲ್ಲಿ 12 ಸಂಪುಟಗಳನ್ನೂ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಮಲಯಾಳ ಆವೃತ್ತಿ 2008ರಲ್ಲಿ ಬಂತು. ನೋಟವನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಹೇಳುವ ವಿದ್ಯೆಗೆ ಕೇರಳದ ನೆಲದಲ್ಲೇ ಇಷ್ಟು ದೊಡ್ಡ ಮಾದರಿ ಇರುವಾಗ, ಎರಡು ಅಂಕಣಗಳ ಕೈಪಿಡಿಯೊಂದನ್ನೇ ನೆಚ್ಚುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ.

ಕೊಚ್ಚಿಯ, ತಿರುವನಂತಪುರದ, ಹಾಗೆಯೇ ಮಂಗಳೂರಿನ ಇಂಗ್ಲಿಷ್ ಅಧ್ಯಾಪಕರಲ್ಲಿ ಒಂದು ಕೋರಿಕೆ: ಈ ಪಾಠದ ದಿನ ಒಂದು ಬಸಳೆ ಎಲೆಯನ್ನು ಮೇಜಿನ ಮೇಲಿಡಿ, ಅದು ಹೇಗಿದೆ ಎಂಬುದನ್ನು ‘ಲೈಕ್’ ಇಲ್ಲದೆ ಐದು ವಾಕ್ಯಗಳಲ್ಲಿ ಬರೆಸಿ, ಬಸಳೆಯನ್ನು ಎಂದೂ ಕಾಣದ ಒಬ್ಬ ಓದುಗನಿಗಾಗಿ ‘ಲೈಕ್’ ಬಳಸಿ ಮತ್ತೆ ಐದು ಬರೆಸಿ, ಬಳಿಕ ಮಣಿಲಾಲ್ ಅವರ ಇಂಗ್ಲಿಷ್ ಸಂಪುಟವೊಂದನ್ನು ಗ್ರಂಥಾಲಯದಿಂದ ತರಿಸಿ ಎಲ್ಲರ ಮುಂದೆ ಓದಿಸಿ.